ಅಂಗಿ ಜೇಬಿನಲ್ಲಿ ಬಂದ ಸನ್ಯಾಸಿ

ಪ್ರವಾಸಕ್ಕೆ ಎರಡು ದಿನ ಇರುವಾಗ ನನ್ನ ಫೋನಿಗೊಂದು ಸೂಚನಾಪತ್ರ ಬಂತು. ‘ಕಡಲ ಪರಿಸರ ಪ್ರವಾಸದಲ್ಲಿ ತಾವು ಏನೇನು ನಿರೀಕ್ಷಿಸಬಹುದು’ ಎಂದು ಮಲಯಾಳದಲ್ಲಿ ತಲೆಬರಹ. ಬೆಳಿಗ್ಗೆ ದೋಣಿ ಹೊರಡುತ್ತದೆ, ಅದೃಷ್ಟವಿದ್ದರೆ ಡಾಲ್ಫಿನ್ ಕಾಣುತ್ತವೆ, ಕೆಲವರಿಗೆ ಹೊಟ್ಟೆ ತೊಳಸಬಹುದು, ಮಧ್ಯಾಹ್ನ ನೀರು ಇಳಿದಾಗ ಬಂಡೆಗಳ ಮೇಲೆ ನಡಿಗೆ ಇರುತ್ತದೆ, ಕಡಲಿನಿಂದ ಯಾವ ವಸ್ತುವನ್ನೂ ಮನೆಗೆ ಒಯ್ಯುವಂತಿಲ್ಲ. ಕನ್ನಡಕ ಹಾಕಿಕೊಂಡು ಎಲ್ಲವನ್ನೂ ಎರಡು ಸಲ ಓದಿದೆ. ಓದಿ, ಇದೆಲ್ಲ ಬೇರೆಯವರಿಗಾಗಿ ಬರೆದದ್ದು ಎಂಬ ತೀರ್ಮಾನಕ್ಕೆ ಬಂದೆ.

ತೀರ್ಮಾನಕ್ಕೆ ಬಲವಾದ ಕಾರಣಗಳಿದ್ದವು. ನಾನು ವಯನಾಡಿನ ಕಲ್ಪೆಟ್ಟದ ಹತ್ತಿರ ಕಾಫಿ, ಮೆಣಸು ಬೆಳೆಯುವವನು. ನಮ್ಮ ಜಿಲ್ಲೆಗೆ ಕಡಲಿಲ್ಲ, ರೈಲಿಲ್ಲ, ಇರುವುದೊಂದು ಚುರಂ. ಕಲ್ಲಿಕೋಟೆಗೆ ಇಳಿಯುವ ಆ ಘಟ್ಟದ ಒಂಬತ್ತು ತಿರುವುಗಳಲ್ಲಿ ನಲವತ್ತು ವರ್ಷ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತು ಹೋಗಿಬಂದಿದ್ದೇನೆ. ಒಮ್ಮೆಯೂ ವಾಂತಿ ಮಾಡಿದವನಲ್ಲ. ತಿರುವೇ ಇಲ್ಲದ ಕಡಲು ನನ್ನನ್ನೇನು ಮಾಡೀತು? ಇನ್ನು, ಏನನ್ನೂ ಒಯ್ಯಬಾರದು ಎಂಬ ಮಾತು. ನಾವು ಜೈನರು. ಕುಡಿಯುವ ನೀರನ್ನೂ ಬಟ್ಟೆಯಲ್ಲಿ ಸೋಸಿ, ಕಣ್ಣಿಗೆ ಕಾಣದ ಜೀವವನ್ನೂ ಕಾಪಾಡುವವರು. ನಮಗೆ ಪರಿಸರದ ಪಾಠವೇ?

ಶನಿವಾರ ಬೆಳಗಿನ ಜಾವ ನಮ್ಮ ನೆರೆಮನೆಯ ಕುರಿಯನ್ ಮಾಸ್ತರರು ಹೊರಡಿಸಿದ ವ್ಯಾನಿನಲ್ಲಿ ಹನ್ನೆರಡು ಜನ ಕಲ್ಲಿಕೋಟೆಯ ಕಡಲಿಗೆ ಹೊರಟೆವು. ಮಾಸ್ತರರು ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸಿ ನಿವೃತ್ತರಾದವರು. ನನ್ನ ಹೆಂಡತಿ ಸುಲೋಚನಾ ಮೊಣಕಾಲು ನೋವೆಂದು ಬರಲಿಲ್ಲ. ಅವಲಕ್ಕಿಯ ಡಬ್ಬಿ, ಸೋಸಿದ ನೀರಿನ ಬಾಟಲಿ ಕೊಟ್ಟು, ಸುಮ್ಮನೆ ಕೂತು ನೋಡಿ ಬನ್ನಿ, ಯಾರಿಗೂ ಉಪದೇಶ ಮಾಡಬೇಡಿ ಎಂದಳು.

ದೋಣಿಯ ಮಾರ್ಗದರ್ಶಿ ಶೈಲಜ ಎಂಬ ಹುಡುಗಿ, ಮೀನುಗಾರರ ಮನೆಯವಳು. ಎಲ್ಲರಿಗೂ ಲೈಫ್ ಜಾಕೆಟ್ ತೊಡಿಸಿ, ಡಾಲ್ಫಿನ್ ಕಂಡರೆ ಕೂಗಬಾರದು, ಏನನ್ನೂ ಎಸೆಯಬಾರದು, ಖಾಲಿ ಕಾಣುವ ಶಂಖವನ್ನೂ ಎತ್ತಬಾರದು, ಅದು ಯಾರದೋ ಮನೆಯಾಗಿರಬಹುದು ಎಂದು ವಿವರಿಸಿದಳು. ನಾನು ಎದ್ದು ನಿಂತೆ. ಈ ಮಾತನ್ನು ನಮ್ಮ ಧರ್ಮ ಸಾವಿರಾರು ವರ್ಷಗಳ ಹಿಂದೆಯೇ ಹೇಳಿದೆ ಎಂದು ಆರಂಭಿಸಿ, ಅಹಿಂಸೆ, ಅಸ್ತೇಯ, ಅಪರಿಗ್ರಹ ಮೂರನ್ನೂ ಸವಿಸ್ತಾರವಾಗಿ ತಿಳಿಸಿದೆ. ಅಸ್ತೇಯ ಎಂದರೆ ಕೊಡದ್ದನ್ನು ತೆಗೆದುಕೊಳ್ಳದಿರುವುದು ಎಂದು ಬಿಡಿಸಿ ಹೇಳಿದೆ. ಶೈಲಜ ಕೈಮುಗಿದಳು. ಅಷ್ಟರಲ್ಲಿ ದೋಣಿ ಅಳಿವೆ ದಾಟಿತು.

ಮುಂದಿನ ಎರಡು ಗಂಟೆ ನಾನು ಕಂಡದ್ದು ದೋಣಿಯ ತಳವನ್ನು. ಹಸಿರು ಬಣ್ಣ ಬಳಿದಿತ್ತು. ತಲೆ ಎತ್ತಿದರೆ ಆಕಾಶ ಓಲಾಡುತ್ತಿತ್ತು, ತಗ್ಗಿಸಿದರೆ ಅವಲಕ್ಕಿ ಮೇಲೆ ಬರುತ್ತಿತ್ತು. ಅಗೋ ಮೂರು, ಅಗೋ ಮರಿ ಎಂದು ಎಲ್ಲರೂ ಪಿಸುಗುಟ್ಟುವಾಗ ನಾನು ಶೈಲಜ ಹಿಡಿದ ಬಕೆಟ್ಟಿಗೆ ಮುಖ ಕೊಟ್ಟು, ಆಕೆಗೆ ಹೇಳಿದ ಮೂರು ವ್ರತಗಳನ್ನು ಬಿಟ್ಟು ಉಳಿದದ್ದನ್ನೆಲ್ಲ ಹೊರಹಾಕುತ್ತಿದ್ದೆ. ಹನ್ನೊಂದು ಜನರಿಗೆ ಡಾಲ್ಫಿನ್ ಕಂಡಿತು. ಹನ್ನೆರಡನೆಯವನು ನಾನು!

ಕೆಟ್ಟ ಬುದ್ಧಿ ಹುಟ್ಟಿದ್ದು ಇಲ್ಲಿಂದಲೇ. ಮನೆಗೆ ಹೋಗಿ ಸುಲೋಚನೆಗೆ ಏನು ಹೇಳಲಿ? ಮಧ್ಯಾಹ್ನ ಬಂಡೆಗಳ ಮೇಲೆ ನಡೆಯುವಾಗ ಒಂದು ಹೊಂಡದ ಅಂಚಿನಲ್ಲಿ ನಿಂಬೆಹಣ್ಣಿನ ಗಾತ್ರದ ಶಂಖ ಕಂಡಿತು. ಕಂದು ಪಟ್ಟೆ, ಒಳಗೆ ಮುತ್ತಿನ ಹೊಳಪು. ಎತ್ತಿದೆ. ಕಿವಿಯ ಹತ್ತಿರ ಹಿಡಿದೆ, ಅಲ್ಲಾಡಿಸಿದೆ, ಉಗುರಿನಿಂದ ತಟ್ಟಿದೆ. ಒಳಗಿನಿಂದ ಯಾರೂ ಉತ್ತರಿಸಲಿಲ್ಲ. ಶೈಲಜ ಆ ಕಡೆ ತಿರುಗಿ ಯಾರಿಗೋ ನಕ್ಷತ್ರಮೀನು ತೋರಿಸುತ್ತಿದ್ದಳು. ಶಂಖ ನನ್ನ ಅಂಗಿಯ ಜೇಬಿಗೆ ಇಳಿಯಿತು. ಹೊರಡುವಾಗ, ಯಾರೂ ಏನೂ ತೆಗೆದುಕೊಂಡಿಲ್ಲವಲ್ಲ ಎಂದು ಆಕೆ ಕೇಳಿದಳು. ಎಲ್ಲರಿಗಿಂತ ಜೋರಾಗಿ ಇಲ್ಲ ಎಂದವನು ನಾನೇ.

ಮನೆಗೆ ಬಂದು ಶಂಖವನ್ನು ಷೋಕೇಸಿನಲ್ಲಿ ಇಟ್ಟು, ಅದರ ಗಾಜಿನ ಬಾಗಿಲು ಪೂರ್ತಿ ಎಳೆಯದೆ ಮಲಗಿದೆ. ಎಲ್ಲಿಂದ ಬಂತೆಂದು ಸುಲೋಚನಾ ಕೇಳಿದ್ದಕ್ಕೆ ದಾರಿಯಲ್ಲಿ ಸಿಕ್ಕಿತು ಎಂದೆ. ಅದೂ ಒಂದು ಬಗೆಯ ಸತ್ಯವೇ. ನಾನು ನಡೆಯುತ್ತಿದ್ದ ದಾರಿಯಲ್ಲೇ ಸಿಕ್ಕಿತ್ತು.

ಭಾನುವಾರ ಬೆಳಿಗ್ಗೆ ಬಸದಿಗೆ ಹೋಗಿ ಬಂದು ಬಾಗಿಲು ತೆಗೆದರೆ ಶಂಖ ಷೋಕೇಸಿನಲ್ಲಿ ಇರಲಿಲ್ಲ. ಅಡುಗೆಮನೆಯ ಹೊಸ್ತಿಲ ಬಳಿ ಇತ್ತು. ಗಾಳಿಗೆ ಬಿದ್ದು ಉರುಳಿರಬೇಕು ಎಂದೆ. ಸುಲೋಚನಾ ಬಗ್ಗಿ ನೋಡಿದಳು. ಶಂಖದಿಂದ ಒಂದು ಕೆಂಪು ಕೊಂಡಿ ಹೊರಬಂತು, ಆಮೇಲೆ ನಾಲ್ಕು ಕಾಲು, ಆಮೇಲೆ ಕಡ್ಡಿಯ ತುದಿಗೆ ಸಿಕ್ಕಿಸಿದಂಥ ಎರಡು ಕಣ್ಣು. ಅದು ನಮ್ಮಿಬ್ಬರನ್ನೂ ಒಮ್ಮೆ ನೋಡಿ, ನಮ್ಮ ಅಡುಗೆಮನೆಯ ಕಡೆಗೇ ಹೊರಟಿತು. ಮೂರು ತಲೆಮಾರಿನಿಂದ ಮೀನು ಮಾರುವವನು ಗೇಟಿನ ಮುಂದೆ ಹಾರ್ನ್ ಕೂಡ ಮಾಡದೆ ಹೋಗುವ ಮನೆ ನಮ್ಮದು!

“ಪಾವಂ,” ಎಂದಳು ಸುಲೋಚನಾ. ನಾವು ಜಗಳವಾಡುವುದು ಕನ್ನಡದಲ್ಲಿ, ಮರುಗುವುದು ಮಲಯಾಳದಲ್ಲಿ. ಆ ಮಾತಿನ ನಂತರ ಅವಳು ನನ್ನ ಕಡೆ ನೋಡಿದ ನೋಟಕ್ಕೆ ಯಾವ ಭಾಷೆಯೂ ಬೇಕಿರಲಿಲ್ಲ. 

ಏನಾದರೂ ಮಾಡಿ ಮಾನ ಉಳಿಸಿಕೊಳ್ಳಬೇಕಲ್ಲ. ಪಾತ್ರೆಯಲ್ಲಿ ನೀರು ತುಂಬಿ, ಎರಡು ಹಿಡಿ ಅಡುಗೆ ಉಪ್ಪು ಕದಡಿ, ಕೈಯಿಂದಲೇ ಕಡಲು ತಯಾರಿಸಿದೆ. ಅತಿಥಿಯನ್ನು ಅದರಲ್ಲಿ ಬಿಟ್ಟೆ. ಅದು ಪಾತ್ರೆಯ ಗೋಡೆ ಹತ್ತಲು ಪರದಾಡತೊಡಗಿತು. ಸುಲೋಚನಾ ಓಡಿಹೋಗಿ ಮಾಸ್ತರರನ್ನು ಕರೆತಂದಳು. ಮಾಸ್ತರರು ಕನ್ನಡಕ ಸರಿಪಡಿಸಿಕೊಂಡು, ಇದಕ್ಕೆ ಸನ್ಯಾಸಿ ಏಡಿ ಎನ್ನುತ್ತಾರೆ, ಬೇರೆಯವರು ಬಿಟ್ಟುಹೋದ ಶಂಖದಲ್ಲಿ ವಾಸ, ನೀವು ಈಗ ಅದನ್ನು ಉಪ್ಪಿನಕಾಯಿ ಹಾಕುತ್ತಿದ್ದೀರಿ ಎಂದು ಪಾಠದ ಧಾಟಿಯಲ್ಲೇ ಹೇಳಿದರು. ಬೇಗ ಹೊರತೆಗೆದೆ. ಮುನಿಗಳು ಆಹಾರಕ್ಕೆ ಬಂದರೆ ಬಾಗಿಲಲ್ಲಿ ಕಲಶ ಹಿಡಿದು ಬರಮಾಡಿಕೊಳ್ಳುವ ವಂಶದವನು ನಾನು. ಈ ಸನ್ಯಾಸಿಯನ್ನು ಜೇಬಿನಲ್ಲಿ ಕದ್ದು ತಂದಿದ್ದೆ.

ಶೈಲಜಳಿಗೆ ಫೋನ್ ಮಾಡಿದೆ. ನಿನ್ನೆ ಅಪರಿಗ್ರಹದ ಬಗ್ಗೆ ಮಾತಾಡಿದವನು ಎಂದರೆ ಗುರುತು ಸಿಗುತ್ತಿತ್ತು. ಆದರೆ ಬಕೆಟ್ಟಿನವನು ಎಂದು ಪರಿಚಯಿಸಿಕೊಂಡೆ. ಆಕೆ ಬೈಯಲಿಲ್ಲ. ಒದ್ದೆ ಬಟ್ಟೆಯಲ್ಲಿ ಸುತ್ತಿ, ಗಾಳಿಯಾಡುವ ಬುಟ್ಟಿಯಲ್ಲಿಟ್ಟು, ನೆರಳಿನಲ್ಲಿ ಆದಷ್ಟು ಬೇಗ ತನ್ನಿ, ಬದುಕಬಹುದು ಎಂದಳು. ‘ಬಹುದು’ ಎಂಬುದನ್ನು ಸುಲೋಚನೆಯೂ ಕೇಳಿಸಿಕೊಂಡಳು.

“ಅದು ಕಡ್ಲು ಸೇರೋವರೆಗೂ ನಾನು ಅನ್ನ ಮುಟ್ಟಲ್ಲ,” ಎಂದಳು. “ನಿಯಮ ತಗೊಂಡೆ.”

 ಸುಲೋಚನೆಗೆ ಸಕ್ಕರೆ ಕಾಯಿಲೆ ಇದೆ. ಒಂದು ಹೊತ್ತಿನ ಊಟವನ್ನೂ ತಪ್ಪಿಸಕೂಡದು ಎಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದರು. ಸೂರ್ಯ ಮುಳುಗಿದ ಮೇಲೆ ನಮ್ಮಲ್ಲಿ ಊಟವಿಲ್ಲ. ಎಂದರೆ ಸಂಜೆ ಆರೂ ಕಾಲರೊಳಗೆ ಏಡಿ ಕಡಲು ಸೇರಬೇಕು, ಸೇರಿತೆಂದು ನಾನು ಫೋನ್ ಮಾಡಬೇಕು. ಇಲ್ಲವಾದರೆ ಮಾರನೆಯ ಬೆಳಗಿನವರೆಗೆ ಅವಳಿಗೆ ಉಪವಾಸ. ತಪ್ಪು ನನ್ನದು, ಹೊಟ್ಟೆ ಅವಳದು. ನಾನೇ ಉಪವಾಸ ಇರುತ್ತೇನೆ ಎಂದು ಅಂಗಲಾಚಿದೆ. ನಿಮ್ಮ ಉಪವಾಸಕ್ಕೆ ಹೆದರಿ ನೀವು ಬೇಗ ಹೋಗುವವರಲ್ಲ ಎಂದಳು. ಮೂವತ್ತೈದು ವರ್ಷದ ಸಂಸಾರದ ಅನುಭವ ಅದು. ಬಸದಿಗೆ ಹೂ ಒಯ್ಯುವ ಬುಟ್ಟಿ ತಂದಳು. ನೀರು ಸೋಸುವ ಬಿಳಿ ಬಟ್ಟೆ ನೆನೆಸಿ ಹಾಸಿದಳು. ಹನ್ನೆರಡೂವರೆಯ ಬಸ್ಸಿಗೆ ನನ್ನನ್ನೂ ಸನ್ಯಾಸಿಯನ್ನೂ ಹತ್ತಿಸಿದಳು.

ಹೂಬುಟ್ಟಿ, ಬಿಳಿ ಬಟ್ಟೆ, ತೊಡೆಯ ಮೇಲಿಟ್ಟು ಎರಡು ಕೈಯಿಂದ ಹಿಡಿದ ನಾನು. ಪಕ್ಕದ ಸೀಟಿನ ಅಮ್ಮನೊಬ್ಬರು ಯಾವ ದೇವಸ್ಥಾನದಿಂದ ಬರುತ್ತಿದ್ದೀರಿ ಎಂದು ಭಕ್ತಿಯಿಂದ ಕೇಳಿದರು. ನಾನು ಉತ್ತರ ಹುಡುಕುವಷ್ಟರಲ್ಲಿ ಒಂದು ಹೂವಿಗೆಂದು ಬಟ್ಟೆ ಸರಿಸಿದರು. ಪ್ರಸಾದ ಕೊಂಡಿ ಎತ್ತಿತು. ಅಮ್ಮ ವೈತ್ತಿರಿ ಬರುವ ಮೊದಲೇ ಬೇರೆ ಸೀಟಿಗೆ ಹೋಗಿ ಕೂತರು, ಅಲ್ಲಿಂದ ನನ್ನ ಬಗ್ಗೆ ಇಡೀ ಬಸ್ಸಿಗೆ ತಿಳಿಸಿದರು.

ಮೂರು ಗಂಟೆಗೆಲ್ಲ ಕಡಲು ಎಂಬುದು ನನ್ನ ಲೆಕ್ಕ. ಚುರಂಗೆ ಆ ಲೆಕ್ಕ ಗೊತ್ತಿರಲಿಲ್ಲ. ಆರನೆಯ ತಿರುವಿನಲ್ಲಿ ದೊಡ್ಡ ಲಾರಿಯೊಂದು ಅಡ್ಡ ಸಿಕ್ಕಿಕೊಂಡಿತ್ತು. ಭಾನುವಾರದ ಪ್ರವಾಸಿಗರ ಕಾರುಗಳು ಮೇಲಕ್ಕೂ ಕೆಳಕ್ಕೂ ಸಾಲುಗಟ್ಟಿದ್ದವು. ಎರಡಾಯಿತು, ಮೂರಾಯಿತು, ಐದಾಯಿತು. ಗಂಟೆಗೊಮ್ಮೆ ಬಾಟಲಿಯ ಸೋಸಿದ ನೀರಿನಿಂದ ಬಟ್ಟೆ ನೆನೆಸಿದೆ. ರಸ್ತೆಬದಿಯ ಕೋತಿಗಳು ಬುಟ್ಟಿಯ ಮೇಲೆ ಕಣ್ಣಿಟ್ಟಿದ್ದರಿಂದ ಕಿಟಕಿ ಮುಚ್ಚಿ ಬೆವರಿದೆ. ನಡೆದೇ ಇಳಿಯಲೇ ಎಂದು ಕಂಡಕ್ಟರನ್ನು ಕೇಳಿದೆ. ನಾಳೆ ಮುಟ್ಟುತ್ತೀರಿ ಎಂದರು.

ಆರು ಗಂಟೆಗೆ ಸೂರ್ಯ ಮರಗಳ ಹಿಂದೆ ಇಳಿಯತೊಡಗಿದ. ಮನೆಯಲ್ಲಿ ಸುಲೋಚನಾ ಅನ್ನ ಮುಚ್ಚಿಟ್ಟು ಗಡಿಯಾರ ನೋಡುತ್ತಿರುತ್ತಾಳೆ. ಹೋದ ಸಲ ಹೊತ್ತು ತಪ್ಪಿದಾಗ ಅವಳು ಹಿತ್ತಲಲ್ಲಿ ಬಿದ್ದದ್ದು ಕಣ್ಣ ಮುಂದೆ ಬಂತು. ಬಸ್ಸಿನಿಂದ ಇಳಿದು, ಬುಟ್ಟಿಯನ್ನು ಎದೆಗೆ ಒತ್ತಿಕೊಂಡು, ಫೋನ್ ಮಾಡಿದೆ.

“ಬಿಟ್ಟೆ ಸುಲೋಚನಾ. ಕಡ್ಲಿಗೆ ಬಿಟ್ಟಾಯ್ತು. ನೀನು ಊಟ ಮಾಡು.”

“ನಡ್ಕೊಂಡು ಹೋಯ್ತಾ?”

“ಹೋಯ್ತು. ಹೋಗೋವಾಗ ಒಂದ್ಸಲ ತಿರುಗಿ ನೋಡ್ತು.”

ಸುಳ್ಳು ಹೇಳುವವನು ಬೇಕಾದಷ್ಟು ಹೇಳಿ ನಿಲ್ಲಿಸಬೇಕು. ನನಗೆ ಆ ಸಂಯಮವೂ ಇಲ್ಲ. ಅವಳು ಸರಿ ಎಂದು ಫೋನ್ ಇಟ್ಟಳು. ಬುಟ್ಟಿಯೊಳಗೆ ಏಡಿ ಬಟ್ಟೆಯನ್ನು ಪರಪರ ಕೆರೆಯುತ್ತಿತ್ತು. ಅವಳ ನಿಯಮವನ್ನು ನಾನೇ ಮೋಸದಿಂದ ಮುರಿಸಿದೆ ಎಂದು ನಾಚಿಕೆಯಾಯಿತು. ಊಟವಾದರೂ ಮಾಡುತ್ತಾಳಲ್ಲ ಎಂದು ಸಮಾಧಾನವೂ ಆಯಿತು. ಎರಡನ್ನೂ ಹೊತ್ತುಕೊಂಡು ಬಸ್ಸು ಹತ್ತಿದೆ. ಇಪ್ಪತ್ತು ನಿಮಿಷದಲ್ಲಿ ಲಾರಿ ಸರಿಯಿತು!

ಎಂಟು ಗಂಟೆಗೆ ಶೈಲಜ ಟಾರ್ಚ್ ಹಿಡಿದು ದಡದಲ್ಲಿ ಕಾದಿದ್ದಳು. ನಾನು ಶಂಖ ಎತ್ತಿದ ಬಂಡೆ ಆಗ ನೀರಿನಡಿಯಲ್ಲಿತ್ತು. ಅದರ ಪಕ್ಕದ ಬಂಡೆಯ ಸಂದಿನಲ್ಲಿ, ತೊಡೆಯವರೆಗೆ ನೀರಿನಲ್ಲಿ ನಿಂತು, ನನ್ನ ಕೈಯಿಂದಲೇ ಇಡಿಸಿದಳು. ಶಂಖ ಅಲುಗಲಿಲ್ಲ. ಐದು ನಿಮಿಷ, ಹತ್ತು ನಿಮಿಷ. ನಾನು ಣಮೋಕಾರ ಮಂತ್ರವನ್ನು ಎಷ್ಟು ಸಲ ಹೇಳಿದೆನೋ. ಕಡೆಗೆ ಕೆಂಪು ಕೊಂಡಿ ಹೊರಬಂತು, ಕಾಲುಗಳು ಬಂದವು, ಅದು ಸಂದಿಯೊಳಗೆ ಇಳಿದು ಹೋಯಿತು. ಖಂಡಿತವಾಗಿಯೂ ತಿರುಗಿ ನೋಡಲಿಲ್ಲ.

ಬೇಸರ ಮಾಡಿಕೊಳ್ಳಬೇಡಿ ಸಾರೇ ಎಂದು ಶೈಲಜ ಸಂಕೋಚದಿಂದ ಮಾತು ತೆಗೆದಳು. ಇನ್ನು ಮೇಲೆ ದೋಣಿಯಲ್ಲಿ ಸೂಚನೆ ಕೊಡುವಾಗ ಈ ಕಥೆಯನ್ನೂ ಹೇಳುತ್ತಾಳಂತೆ. ಬರೀ ನಿಯಮ ಹೇಳಿದರೆ ಜನ ಕೇಳುವುದಿಲ್ಲವಂತೆ. ಹೆಸರು ಹೇಳುವುದಿಲ್ಲ, ವಯನಾಡಿನ ಒಬ್ಬ ಹಿರಿಯರು ಎಂದಷ್ಟೇ. ಹೀಗೆ ಒಬ್ಬನ ಕಳ್ಳತನ ಇಡೀ ಜಿಲ್ಲೆಗೆ ಹಂಚಿಹೋಯಿತು.

ಚುರಂ ಮತ್ತೆ ಕಟ್ಟಿಕೊಂಡಿದ್ದರಿಂದ ಬಸ್ ಸ್ಟ್ಯಾಂಡಿನ ಕುರ್ಚಿಯಲ್ಲಿ ಬೆಳಗು ಮಾಡಿ, ಸೋಮವಾರ ಎಂಟು ಗಂಟೆಗೆ ಮನೆ ಸೇರಿದೆ. ಸುಲೋಚನಾ ಜಗಲಿಯಲ್ಲಿ ಕೂತಿದ್ದಳು. ಮುಖ ಬಾಡಿತ್ತು. ಬುಟ್ಟಿ ತೆಗೆದುಕೊಂಡು, ಎಷ್ಟು ಹೊತ್ತಿಗೆ ಬಿಟ್ಟಿರಿ ಎಂದು ಕೇಳಿದಳು. ಆರಕ್ಕೆ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು.

“ರಾತ್ರಿ ಎಂಟಕ್ಕೆ,” ಎಂದೆ.

“ಗೊತ್ತು. ನೀವು ಫೋನ್ ಮಾಡ್ದಾಗ ಹಿಂದ್ಗಡೆ ಯಾರೋ ಲಾರಿ ತಿರುಗ್ಸೋಕೆ ಕೂಗ್ತಿದ್ರು. ಕಡ್ಲಲ್ಲಿ ಯಾವ್ ಲಾರಿ?”

ಅವಳು ಊಟ ಮಾಡಿರಲಿಲ್ಲ. ರಾತ್ರಿ ತಲೆ ಸುತ್ತು ಬಂದು ಗೋಡೆ ಹಿಡಿದು ಹೋಗಿ ಮಲಗಿದಳಂತೆ. ಮಾಸ್ತರರ ಹೆಂಡತಿ ಬಂದು ಜೊತೆಗಿದ್ದರಂತೆ. ಇದನ್ನೆಲ್ಲ ಹಾಲಿನವನು ಬಂದು ಹೋದ ಎನ್ನುವಷ್ಟು ಸಲೀಸಾಗಿ ಹೇಳಿದಳು.  ಒಂದು ಶಂಖದ ಆಸೆಗೆ ಒಂದು ಜೀವವನ್ನು ಸಾಯಿಸಲು ಹೊರಟಿದ್ದೆ, ಇನ್ನೊಂದು ಜೀವವನ್ನು ಹಸಿವಿಗೆ ಕೆಡವಿದ್ದೆ, ನಡುವೆ ಸುಳ್ಳನ್ನೂ ಹೇಳಿದ್ದೆ. ಇನ್ನು ಮೇಲೆ ನಿನ್ನ ಹತ್ತಿರ ಏನನ್ನೂ ಮುಚ್ಚಿಡುವುದಿಲ್ಲ ಎಂದು ಮಾತು ಕೊಟ್ಟೆ. 

ಅವಳ ಮುಖ ಸ್ವಲ್ಪ ಸಡಿಲವಾಯಿತು. ಒಳಗೆ ಹೋಗಿ ಎರಡು ತಟ್ಟೆ ಇಟ್ಟು ಇಡ್ಲಿ ಬಡಿಸಿದಳು. ಮೊದಲ ತುತ್ತು ತಿಂದು, ನೀರು ಕುಡಿದು, ನನ್ನ ಕಡೆ ನೋಡಿದಳು.

“ಪಾಪ, ನೀವೂ ನಿನ್ನೆ ಏನೂ ತಿಂದಿಲ್ವೇನೋ?”

ಇಲ್ಲಿ ಓದುಗರಿಗೂ ಹೇಳದೆ ಬಿಟ್ಟ ಒಂದು ವಿಷಯವನ್ನು ಹೇಳಲೇಬೇಕು. ಚುರಂ ಇಳಿದ ಮೇಲೆ ಅಡಿವಾರದಲ್ಲಿ ಬಸ್ಸು ಚಹಾಕ್ಕೆ ನಿಂತಿತ್ತು. ಸೂರ್ಯ ಮುಳುಗಿ ಅರ್ಧ ಗಂಟೆಯಾಗಿತ್ತು. ಅಂಗಡಿಯಲ್ಲಿ ಆಗ ತಾನೇ ಎಣ್ಣೆಯಿಂದ ಪಳಂಪೊರಿ, ಎಂದರೆ ಬಾಳೆಹಣ್ಣಿನ ಬಜ್ಜಿ, ತೆಗೆಯುತ್ತಿದ್ದರು. ನಾನು ಬುಟ್ಟಿಯನ್ನು ಬೆಂಚಿನ ಮೇಲಿಟ್ಟಿದ್ದೆ.

“ತಿಂದೆ,” ಎಂದು ಒಪ್ಪಿಕೊಂಡೆ. “ಕತ್ತಲಾದ ಮೇಲೆ. ಎರಡು ಪಳಂಪೊರಿ.”

ಸುಲೋಚನಾ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಟ್ಟಳು. ಆಮೇಲೆ, ನಿಜ ಹೇಳಿದಿರಲ್ಲ, ಅಷ್ಟು ಸಾಕು ಎಂದು ನನ್ನ ತಟ್ಟೆಗೆ ಇನ್ನೊಂದು ಇಡ್ಲಿ ಹಾಕಿದಳು.

ಪಳಂಪೊರಿ ನಾಲ್ಕು ತಿಂದಿದ್ದೆ.