ಈರಯ್ಯನ ಗಂಟಲ ಗಂಟು

ಈ ಸಂಗತಿ ಹೇಳಲು ನಾನು ತಕ್ಕವನೋ ಅಲ್ಲವೋ ಎಂಬ ಅನುಮಾನ ಇನ್ನೂ ಹೋಗಿಲ್ಲ. ಇನ್ನೊಬ್ಬರ ಗಂಟಲೊಳಗಿನ ವಿಷಯವನ್ನು ಹತ್ತು ಜನರ ಮುಂದೆ ಇಡುವುದು ಒಳ್ಳೆಯ ನಡತೆಯಲ್ಲ. ಆದರೆ ಆ ಸೋಮವಾರ ವಿಜಯಪುರದ ಜೋರಾಪುರ ಪೇಟೆಯ ಅರ್ಧ ಓಣಿ ಆ ಗಂಟಲೊಳಗೆ ಇಣುಕಿ ನೋಡಿತ್ತು. ಹೀಗಿರುವಾಗ ನಾನೊಬ್ಬ ಬಾಯಿ ಮುಚ್ಚಿಕೊಂಡರೆ ಉಳಿಯುವ ಗುಟ್ಟಾದರೂ ಯಾವುದು? ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಬೇಕು.

ಗಂಟಲು ಈರಯ್ಯನದು. ಗಾಂಧಿ ಚೌಕದಲ್ಲಿ ಅವನದೊಂದು ಸ್ಟೀಲ್ ಪಾತ್ರೆಗಳ ಅಂಗಡಿಯಿತ್ತು. ಅಂಗಡಿ ಹೊಟ್ಟೆಪಾಡಿಗೆ; ನಿಜವಾದ ಕಸುಬು ಮಾತು. ನಮ್ಮ ಕಡೆ ಲಗ್ನದ ಮಾತುಕತೆಗೆ ಹೋಗುವಾಗ ಹುಡುಗನ ತಂದೆ ತಾನೇ ಮಾತಾಡುವುದಿಲ್ಲ. ಮಾತು ಬಲ್ಲ ಹಿರಿಯನೊಬ್ಬನನ್ನು ಮುಂದೆ ಕೂರಿಸುತ್ತಾನೆ. ಆ ಹಿರಿಯ ಜಂಗಮನಾದರೆ ಇನ್ನೂ ಚಲೋ. ಈರಯ್ಯ ಜಂಗಮನೂ ಹೌದು, ಮಾತುಗಾರನೂ ಹೌದು. ಬಾಯಿ ತೆರೆದನೆಂದರೆ ಗಾಣದ ಎತ್ತಿನ ಹಾಗೆ ಸುತ್ತಿದ್ದೇ ಸುತ್ತುತ್ತಿದ್ದ. ಇದುವರೆಗೆ ಹನ್ನೊಂದು ಸಂಬಂಧಗಳಿಗೆ ಮುಂದಾಳಾಗಿ ಹೋಗಿದ್ದ. ಅವುಗಳಲ್ಲಿ ಏಳು ಮುರಿದಿದ್ದವು. ಅದು ಆ ಬೀಗರ ದುರ್ದೈವ ಎಂದು ಅವನು ಪ್ರಾಮಾಣಿಕವಾಗಿ ನಂಬಿದ್ದ.

ಆ ಸೋಮವಾರ ಮಧ್ಯಾಹ್ನ ಹನ್ನೆರಡನೆಯ ಮಾತುಕತೆ. ಪಕ್ಕದ ಮನೆಯ ಸಿದ್ದರಾಮನ ಮಗ ಸತೀಶಕುಮಾರನಿಗೆ ಬಬಲೇಶ್ವರದ ದ್ರಾಕ್ಷಿ ಬೆಳೆಗಾರ ಧೂಳಪ್ಪನ ಮಗಳು ಸೌಭಾಗ್ಯ. ಹುಡುಗ ಹುಡುಗಿ ಒಪ್ಪಿ ಮೂರು ತಿಂಗಳಾಗಿತ್ತು. ಉಳಿದದ್ದು ಒಂದೇ ತಕರಾರು: ಲಗ್ನ ಎಲ್ಲಿ? ಧೂಳಪ್ಪ ತನ್ನ ಮನೆಯ ಮುಂದೆಯೇ ಆಗಬೇಕೆಂದು ಹಟ ಹಿಡಿದಿದ್ದ. ಸಿದ್ದರಾಮನಿಗೆ ವಿಜಯಪುರದಲ್ಲೇ ಆಗಬೇಕು, ಯಾಕೆಂದರೆ ಹಾಸಿಗೆ ಹಿಡಿದ ತೊಂಬತ್ತು ವರ್ಷದ ಅವನ ತಾಯಿ ಮೊಮ್ಮಗನ ಲಗ್ನ ನೋಡಲೆಂದೇ ಜೀವ ಹಿಡಿದುಕೊಂಡಿದ್ದಳು. ಎರಡು ಸಲ ಸಿದ್ದರಾಮ ತಾನೇ ಹೋಗಿ ಮಾತು ಕೆಡಿಸಿಕೊಂಡು ಬಂದಿದ್ದ. ಮೂರನೆಯ ಸಲವೂ ಕೂಡದಿದ್ದರೆ ಸಂಬಂಧವನ್ನೇ ಬಿಡೋಣ ಎಂದು ಧೂಳಪ್ಪ ಹೇಳಿ ಕಳಿಸಿದ್ದ.

ಈರಯ್ಯನ ಧ್ವನಿ ಒಂದು ತಿಂಗಳಿಂದ ಒಡೆದ ಕೊಳಲಿನಂತಾಗಿತ್ತು. ಆ ಮುಂಜಾನೆ ಹಲ್ಲುಜ್ಜುತ್ತ, ಇವತ್ತಾದರೂ ಸರಿಯಾದೀತೇ ಎಂದು ಮೊಬೈಲಿನ ಬೆಳಕು ಹಿಡಿದು ಕನ್ನಡಿಯಲ್ಲಿ ಬಾಯಿ ತೆರೆದು ನೋಡಿದ. ನಾಲಿಗೆಯ ಬುಡದಲ್ಲಿ ಸಾಲಾಗಿ ಗುಳ್ಳೆಗಳು.

"ಗುರುಬಸವ್ವಾ, ಇಲ್ಲಿ ಬಾ. ಬ್ಯಾಟರಿ ಹಿಡಿ."

ಹೆಂಡತಿ ಕಸಬರಿಗೆ ಕೆಳಗಿಟ್ಟು ಬಂದಳು. "ಯಪ್ಪಾ, ಇದೇನ್ರೀ. ಸಾಬೂದಾಣಿ ಸಾಲ ಹಚ್ಚಿಟ್ಟಂಗ ಐತಲ್ಲ."

"ಎಷ್ಟ ಅದಾವ?"

"ತಡೀರಿ, ಎಣಸ್ತೀನಿ. ಆರು, ಏಳು… ನಡಬರಕ ಮಾತಾಡಬ್ಯಾಡ್ರಿ, ಲೆಕ್ಕಾ ತಪ್ಪಿತು. ಒಂದು, ಎರಡು…"

ಅಷ್ಟರಲ್ಲಿ ಸಿದ್ದರಾಮ ಗಾಡಿಯ ಹೊತ್ತು ಹೇಳಲು ಬಂದ. ಅವನ ಎಣಿಕೆಯಲ್ಲಿ ಒಂಬತ್ತಾದವು. ಗುರುಬಸವ್ವನದು ಎಂಟೇ. ಯಾರದು ಸರಿ ಎಂದು ನೋಡಲು ಎದುರು ಮನೆಯವರು ಬಂದರು, ಅವರ ಹಿಂದೆ ಹಿಟ್ಟಿನ ಗಿರಣಿಯವನು ಬಂದ. ಒಬ್ಬರು ಉಷ್ಣ ಎಂದರು. ಇನ್ನೊಬ್ಬರು ಕಪ್ಪೆಯ ತತ್ತಿ ಹೀಗೇ ಇರುತ್ತವೆ, ಹೊಳೆಯ ನೀರು ಕುಡಿದಿರಬೇಕು ಎಂದರು. ಎಲ್ಲರ ಮನಸ್ಸಿನಲ್ಲೂ ಇದ್ದ ರೋಗದ ಹೆಸರನ್ನು ಮಾತ್ರ ಯಾರೂ ಎತ್ತಲಿಲ್ಲ. ಅದಕ್ಕೇ ಈರಯ್ಯನಿಗೆ ಹೆಚ್ಚು ಹೆದರಿಕೆಯಾಯಿತು.

"ಎಲ್ಲಾರೂ ಹಿಂದ ಸರೀರಿ," ಎನ್ನುತ್ತ ಜಾನಕೀಬಾಯಿ ಬಂದಳು. ಓಣಿಯ ಮೂರು ತಲೆಮಾರಿನ ಗಂಟಲು ಕಂಡ ಮುದುಕಿ. ಒಂದು ಕ್ಷಣ ನೋಡಿ, "ಕಿರನಾಲಿಗಿ ಬಿದ್ದದ. ಅದಕ್ಕ ಸುತ್ತಲೂ ಬಾವು ಬಂದದ. ಎತ್ತಿ ಕೂಡಸಿದ್ರ ಹೋಗ್ತದ," ಎಂದಳು.

ಉಪ್ಪು ಮತ್ತು ಮೆಣಸಿನ ಪುಡಿ ಹಚ್ಚಿದ ಅವಳ ಹೆಬ್ಬೆರಳು ಈರಯ್ಯನ ಬಾಯೊಳಗೆ ಎಲ್ಲಿಯವರೆಗೆ ಹೋಯಿತೋ, ಅವನ ಕಣ್ಣಿನಿಂದ ಬಂದ ನೀರೇ ಹೇಳಬೇಕು. ನೆತ್ತಿಯ ಜುಟ್ಟು ಹಿಡಿದು ಮೇಲಕ್ಕೆ ಜಗ್ಗುವುದು ಮುಂದಿನ ಕ್ರಮ. ಈರಯ್ಯನ ನೆತ್ತಿ ತಿಕ್ಕಿದ ತಂಬಿಗೆಯಂತಿತ್ತು. ಮುದುಕಿ ಸ್ವಲ್ಪ ಯೋಚಿಸಿ ಕಿವಿಯ ಹಿಂದಿನ ಕೂದಲು ಹಿಡಿದು ಜಗ್ಗಿದಳು. ಕೊನೆಗೆ ಮೂರು ಬೆರಳಲ್ಲಿ ಸುಣ್ಣ ತೆಗೆದು ಕೊರಳ ಮೇಲೆ ಅಡ್ಡಡ್ಡ ಎಳೆದಳು. "ಇದನ್ನ ಸಂಜಿ ತನಕ ತೊಳೀಬ್ಯಾಡ."

ಧ್ವನಿ ಮೊದಲು ಒಡೆದಿತ್ತು, ಈಗ ಗೊರಗೊರ ಸದ್ದಷ್ಟೇ ಉಳಿಯಿತು.

ಸಿದ್ದರಾಮ ಗಾಬರಿಯಾಗಿ ಗಾಡಿ ತರಿಸಿದ. ಡ್ರೈವರ್ ನಾಸೀರ ಸಂಗತಿ ಕೇಳಿಕೊಂಡು, "ನಮ್ಮ ಮಾವಗೂ ಥೇಟ್ ಹಿಂಗ ಆಗಿತ್ರಿ," ಎಂದ.

"ಈಗ ಹೆಂಗದಾರ?" ಎಂದಳು ಗುರುಬಸವ್ವ.

ನಾಸೀರ ಕನ್ನಡಿ ಸರಿಪಡಿಸಿದ. ಗೇರು ಹಾಕಿದ. "ಅವರು ಬ್ಯಾರೆ ಕಾರಣಕ್ಕ ಹೋದ್ರು ಬಿಡ್ರಿ."

ಗಾಂಧಿ ಚೌಕದ ಹಿಂದಿನ ಓಣಿಯಲ್ಲಿ ಕಿವಿ, ಮೂಗು, ಗಂಟಲಿನ ಡಾಕ್ಟರ್ ಪೂರ್ವಾ ಅವರ ದವಾಖಾನೆ. ಅವರು ಬಾಯೊಳಗೆ ನೋಡಿ ಮೊದಲು ಕೇಳಿದ್ದು, "ಇಲ್ಲಿ ಮೆಣಸಿನ ಪುಡಿ ಯಾರು ಹಾಕ್ಯಾರ?" ಸಿದ್ದರಾಮ ಫ್ಯಾನು ನೋಡಿದ. ಗುರುಬಸವ್ವ ಸೆರಗು ಸರಿ ಮಾಡಿಕೊಂಡಳು.

"ನೀವು ಎಣಿಸಿದ ಗುಳ್ಳಿ ರೋಗ ಅಲ್ಲರಿ," ಎಂದರು ಡಾಕ್ಟರ್. "ನಾಲಿಗಿ ಬುಡದಾಗ ಎಲ್ಲಾರಿಗೂ ಇರ್ತಾವ. ಅವು ಅದಾವ ಅಂತನ ರುಚಿ ಗೊತ್ತಾಗ್ತದ. ನಿಮಗೂ ಅದಾವ, ಇವರಿಗೂ ಅದಾವ."

"ನನಗಿಲ್ಲರಿ," ಎಂದಳು ಗುರುಬಸವ್ವ. ಸಿದ್ದರಾಮ ಮಾತ್ರ ತುಟಿ ಗಟ್ಟಿಯಾಗಿ ಮುಚ್ಚಿಕೊಂಡ.

ಈರಯ್ಯ ಕೈಮುಗಿದು ಎದ್ದ. "ಕೂಡ್ರಿ," ಎಂದರು ಡಾಕ್ಟರ್. "ಗುಳ್ಳಿ ಬಿಡ್ರಿ. ಒಂದು ತಿಂಗಳಿಂದ ಧ್ವನಿ ಹಿಂಗ ಅದ ಅಂದ್ರ ಒಳಗ ನೋಡಬೇಕು."

ಮೂಗಿನೊಳಗಿಂದ ದಾರದಂಥ ಕ್ಯಾಮೆರಾ ಇಳಿಯಿತು. ಪರದೆಯ ಮೇಲೆ ಎರಡು ಬಿಳಿಯ ಪಟ್ಟಿಗಳು ಕಂಡವು. ಎರಡರ ನಡುಭಾಗದಲ್ಲೂ ಎದುರುಬದುರಾಗಿ ಜೋಳದ ನುಚ್ಚಿನಷ್ಟು ಉಬ್ಬು.

"ಖರೆ ಗಂಟು ಇವು. ಗುದ್ದಲಿ ಹಿಡದವರ ಅಂಗೈ ಜಡ್ಡುಗಟ್ಟತದಲ್ಲ, ಹಂಗ. ಮಾತಾಡುವಾಗ ಈ ಪಟ್ಟಿ ಒಂದಕ್ಕೊಂದು ಬಡೀತಾವ. ಅತಿ ಆದ್ರ ಹಿಂಗ ಆಗ್ತದ. ದಿನಾ ಎಷ್ಟು ತಾಸು ಮಾತಾಡ್ತಾರ?"

"ಮಲಗೂದು ಬಿಟ್ರ…" ಎಂದ ಗುರುಬಸವ್ವ ತಡೆದು ತಿದ್ದಿಕೊಂಡಳು. "ಮಲಗಿದಾಗೂ ಆಡ್ತಾರ್ರಿ."

ಸಿದ್ದರಾಮ ಕುರ್ಚಿಯನ್ನು ಮುಂದೆ ಜರುಗಿಸಿದ. "ಡಾಕ್ಟರ್, ಇದು ಆ ಕೆಟ್ಟ ರೋಗ…"

"ನೋಡಿದ್ರ ಹಂಗ ಕಾಣಂಗಿಲ್ಲ. ಎರಡೂ ಕಡೆ ಒಂದ ಸಮ ಅದಾವ, ತಂಬಾಕದ ಚಟಾನೂ ಇಲ್ಲ ಅಂತೀರಿ. ಆದ್ರ ಬರೇ ನೋಡಿ ಬಿಡಂಗಿಲ್ಲ. ಹದಿನೈದು ದಿನ ಬಿಟ್ಟು ಮತ್ತ ಬರ್ರಿ. ಕರಗಲಿಲ್ಲ ಅಂದ್ರ ಮುಂದಿನ ತಪಾಸಣಿ, ಬೇಕಾದ್ರ ಆಪರೇಷನ್."

"ಈಗ ಔಷಧ?"

"ಬಾಯಿ ಮುಚ್ಚಿಕೊಂಡಿರೂದು. ಹದಿನೈದು ದಿನ ಒಂದು ಮಾತೂ ಆಡಬಾರದು. ಪಿಸುಮಾತೂ ಬ್ಯಾಡ, ಅದರಿಂದ ಇನ್ನೂ ತ್ರಾಸ ಆಗ್ತದ. ಖಾಕರಿಸಬಾರದು. ನೀರು ಭಾಳ ಕುಡೀರಿ, ಉಗಿ ತಗೋರಿ."

ಈರಯ್ಯ ಏನೋ ಹೇಳಲು ಬಾಯಿ ತೆರೆದ. ಡಾಕ್ಟರ್ ಬೆರಳು ಎತ್ತಿದರು. ಗುರುಬಸವ್ವನ ಮುಖದಲ್ಲಿ ಇಪ್ಪತ್ತೆಂಟು ವರ್ಷದ ಸಂಸಾರದಲ್ಲಿ ಯಾರೂ ಕಾಣದ ಒಂದು ನೆಮ್ಮದಿ ಮೂಡಿತ್ತು. ಅವಳು ಎದುರಿನ ಅಂಗಡಿಯಿಂದ ಒಂದು ಪಾಟಿ ಮತ್ತು ಬಳಪ ಕೊಂಡು ಗಂಡನ ಕೈಗಿಟ್ಟು, ಆಟೋ ಹತ್ತಿ ಮನೆಗೆ ಹೋದಳು.

ಸಿದ್ದರಾಮ ಫುಟ್‌ಪಾತಿನ ಮೇಲೆ ತಲೆಗೆ ಕೈಹಚ್ಚಿ ನಿಂತ. "ನಾ ಬಾಯಿ ತಗದ್ರ ಕೆಲಸ ಕೆಡತೈತ್ರಿ ಅಯ್ಯಾರ. ಹೋದ ಸಲ ನಿಮ್ಮೂರ ನೀರ ಉಪ್ಪ ಅಂದೆ, ಅಲ್ಲಿಗೆ ಮುಗೀತು. ನೀವರೆ ಹಿಂಗ ಕುಂತ್ರ ನಮ್ಮವ್ವಗ ಏನ ಹೇಳ್ಲಿ?"

ಈರಯ್ಯ ಪಾಟಿಯ ಮೇಲೆ ಬರೆದ: ಟಿಕೋಟಾದ ನಿಮ್ಮ ಸೋದರಮಾವ ಮಾತಾಡಲಿ.

ಗಾಡಿ ಟಿಕೋಟಾಕ್ಕೆ ಓಡಿತು. ಸೋದರಮಾವನ ಬಾಗಿಲಿಗೆ ಬೀಗ. ಸೊಲ್ಲಾಪುರಕ್ಕೆ ಹೋಗಿದ್ದಾರೆಂದು ನೆರೆಯವರು ಹೇಳಿದರು. ಬಸ್‌ ಸ್ಟ್ಯಾಂಡಿನ ಹತ್ತಿರ ಚಹಾದಂಗಡಿಯ ಬಾಬುಸಾಬ, ಈರಯ್ಯನ ಹಳೆಯ ಗೆಳೆಯ, "ಸಲಾಮ್ರಿ ಅಯ್ಯಾರ" ಎಂದು ಕೂಗಿದ. ಈರಯ್ಯ ಮುಖ ತಿರುಗಿಸಿಕೊಂಡ. ನೋಡಿದರೆ ಮಾತು ಹೊರಬಿದ್ದೀತೆಂಬ ಹೆದರಿಕೆ. ಬಾಬುಸಾಬ ಕೆಟಲಿ ಹಿಡಿದುಕೊಂಡೇ ಗಾಡಿಯ ಹಿಂದೆ ನಾಲ್ಕು ಮಾರು ಬಂದ. "ನಾ ಏನ ತಪ್ಪ ಮಾಡೀನಿ, ಅದನ್ನರೆ ಹೇಳಿ ಹೋಗ್ರಿ."

ಬೇರೆ ದಾರಿಯಿಲ್ಲದೆ ಗಾಡಿ ಬಬಲೇಶ್ವರದ ಅಗಸಿ ಬಾಗಿಲು ಮುಟ್ಟಿದಾಗ ಸಿದ್ದರಾಮ ಪಾಟಿಯನ್ನು ಕಸಿದು ಸೀಟಿನ ಕೆಳಗೆ ತಳ್ಳಿದ. "ಇದನ್ನ ಬೀಗರ ಮುಂದ ತಗೀಬ್ಯಾಡ್ರಿ. ಗಂಟಲಾಗ ಗಂಟು ಅಂತ ಗೊತ್ತಾದ್ರ ಹೆಣ್ಣ ಕೊಡವರು ಹತ್ತ ಹೆಜ್ಜಿ ಹಿಂದ ಸರೀತಾರ. ಸುಮ್ನ ಕೂಡ್ರಿ ಸಾಕು." ಎಸಿ ಗಾಳಿ ಗಂಟಲಿಗೆ ತಾಗಬಾರದೆಂದು ತನ್ನ ಬಿಳಿಯ ಶಾಲನ್ನು ಅವನಿಗೆ ಹೊದಿಸಿದ.

ಧೂಳಪ್ಪ ಪಡಸಾಲೆಯಿಂದ ಇಳಿದು ಬಂದ. ಎಮ್ಮೆಯಂಥ ಆಳು, ಹುರಿಮೀಸೆ. "ಶರಣ್ರಿ ಅಯ್ಯಾರ. ಅರಾಮ ಅದೀರಿ?"

ಈರಯ್ಯ ಕೈಮುಗಿದ.

"ಅಯ್ಯಾರು ಯಾಕ ಸುಮ್ನದಾರ?"

ಸಿದ್ದರಾಮನಿಗೆ ಸುಳ್ಳು ಹೇಳಲು ಧೈರ್ಯವಿಲ್ಲ, ನಿಜ ಹೇಳಲು ಅದಕ್ಕಿಂತ ಇಲ್ಲ. "ಅವರು ಹದಿನೈದು ದಿನ ಮಾತಾಡಂಗಿಲ್ಲರಿ," ಎಂದಷ್ಟೇ ಹೇಳಿದ.

ಧೂಳಪ್ಪ ಒಮ್ಮೆ ಬಿಳಿಯ ಶಾಲು ನೋಡಿದ. ಕೊರಳ ಮೇಲಿನ ಮೂರು ಬಿಳಿ ಪಟ್ಟೆ ನೋಡಿದ. ಮೆಣಸಿಗೆ ಕೆಂಪಾಗಿ ತುಂಬಿ ನಿಂತ ಕಣ್ಣು ನೋಡಿದ. ತಲೆಯ ಮೇಲಿನ ಟೊಪ್ಪಿಗೆ ತೆಗೆದ.

"ಮೌನಾನುಷ್ಠಾನಕ್ಕ ಕುಂತವರು ನನ್ನ ಮಗಳ ಸಲುವಾಗಿ ಎದ್ದ ಬಂದಾರ," ಎಂದು ಒಳಗೆ ತಿರುಗಿದ. "ತಂಬಿಗಿ ನೀರ ತರ್ರಿ, ತಾಟ ತರ್ರಿ."

ಈರಯ್ಯ ಬೆವೆತು ಎರಡೂ ಕೈ ಅಲ್ಲಾಡಿಸಿದ.

"ನೋಡ್ರಿ, ಪಾದಪೂಜಿನೂ ಬ್ಯಾಡಂತಾರ. ಈಗಿನ ಕಾಲದಾಗ ಇಂಥವರು ಎಲ್ಲಿ ಸಿಗ್ತಾರ?" ಎಂದು ಧೂಳಪ್ಪ ಕಾಲು ಹಿಡಿದೇ ಬಿಟ್ಟ. ಗಂಟಲು ತೋರಿಸಿ ನಿಜ ತಿಳಿಸಲು ಈರಯ್ಯ ಕೊರಳಿಗೆ ಬೆರಳು ಮುಟ್ಟಿಸಿದರೆ, ಮನೆಯವರೆಲ್ಲ ಅವನು ಕೊರಳಿನ ಲಿಂಗ ಮುಟ್ಟಿ ಹರಸುತ್ತಿದ್ದಾನೆಂದು ಸಾಲಾಗಿ ಅಡ್ಡಬಿದ್ದರು.

ಕಂಬಳಿಯ ಮೇಲೆ ಎಲ್ಲರೂ ಕುಳಿತ ಮೇಲೆ ಧೂಳಪ್ಪ ಗಂಟಲು ಸರಿಮಾಡಿಕೊಂಡ. "ಅಯ್ಯಾರ ಮುಂದ ಹೇಳ್ತೀನಿ. ನನ್ನ ಮಾತ ಒಂದ. ಲಗ್ನ ನಮ್ಮ ಮನಿ ಮುಂದ ಆಗಬೇಕು."

ಈರಯ್ಯ ಎರಡು ದಿನದಿಂದ ಸಿದ್ಧಮಾಡಿಕೊಂಡ ಭಾಷಣ ಇಂಥ ಮಾತಿಗೇ ಕಾದಿತ್ತು. ಅದರಲ್ಲಿ ತೊಂಬತ್ತು ವರ್ಷದ ಮುದುಕಿಯಿದ್ದಳು, ತಾಯಿಯ ಋಣವಿತ್ತು, ಮೂರು ಉಪಕತೆಗಳಿದ್ದವು; ಒಟ್ಟು ಮುಕ್ಕಾಲು ತಾಸಿನದು. ಅದಷ್ಟೂ ಒಮ್ಮೆಲೇ ಗಂಟಲಿಗೆ ನುಗ್ಗಿ ಬಂತು. ಈರಯ್ಯ ಹಲ್ಲು ಕಚ್ಚಿದ. ಮುಖ ಕೆಂಪಡರಿತು, ಕೊರಳ ನರ ಉಬ್ಬಿದವು, ತುಟಿ ನಡುಗಿದವು. ಒಣಗಿದ ಸುಣ್ಣ ಬಿರುಕು ಬಿಟ್ಟು ಮಡಿಲಿಗೆ ಉದುರಿತು. ಕೊನೆಗೆ ಎಡಗಣ್ಣಿನಿಂದ ಒಂದು ಹನಿ ಇಳಿಯಿತು.

ಅಡುಗೆ ಮನೆಯ ಬಾಗಿಲಿನಿಂದ ಧೂಳಪ್ಪನ ಹೆಂಡತಿಯ ಧ್ವನಿ ಬಂತು. "ಮೌನದಾಗ ಇದ್ದವರ ಕಣ್ಣಾಗ ನೀರ ತರಸಿದ್ರಿ. ಇನ್ನ ಮಗಳ ಬಾಳು ಹೆಂಗ ಆಕ್ಕೈತೋ ನೋಡ್ರಿ."

ಧೂಳಪ್ಪನ ಮೀಸೆ ಇಳಿಯಿತು. "ಸಿಟ್ಟಾಗಬ್ಯಾಡ್ರಿ ಅಯ್ಯಾರ. ವಿಜಾಪುರದಾಗನ ಮಾಡೂಣು. ಮುದಕಿ ಕಣ್ತುಂಬ ನೋಡ್ಲಿ."

ಚಹಾ, ಚೂಡಾ ಸೇರಿ ಎಲ್ಲ ಇಪ್ಪತ್ತು ಮಿನಿಟಿನಲ್ಲಿ ಮುಗಿಯಿತು.

ಮರಳುವಾಗ ಈರಯ್ಯ ಸೀಟಿನ ಕೆಳಗಿಂದ ಪಾಟಿ ತೆಗೆದು ಬರೆದ: ಧೂಳಪ್ಪನವರಿಗೆ ನಿಜ ಹೇಳಬೇಕು. ಸಿದ್ದರಾಮ ಓದಿ, ಅಂಗೈಯಿಂದ ಒರೆಸಿದ. "ಲಗ್ನ ಆಗ್ಲಿ, ಆಮ್ಯಾಲ ಹೇಳೂಣ್ರಿ." ಈರಯ್ಯ ಮತ್ತೆ ಬರೆದ: ನಿಶ್ಚಯದ ದಿನ ನಾನೇ ಮಾತಾಡುತ್ತೇನೆ. ಸಿದ್ದರಾಮ ಅದನ್ನು ಇನ್ನೂ ಬೇಗ ಒರೆಸಿದ.

ಸುದ್ದಿ ಫೋನಿನಲ್ಲಿ ಅವರಿಗಿಂತ ಮೊದಲೇ ಓಣಿ ಮುಟ್ಟಿತ್ತು. ಈರಯ್ಯನ ಕಟ್ಟೆಯ ಮೇಲೆ ಮಗ ಮಗಳು ಬೆಳೆದ ನಾಲ್ಕು ಮನೆಯ ಯಜಮಾನರು ಕಾಯುತ್ತಿದ್ದರು. ಅವರಲ್ಲಿ ಇಬ್ಬರು, ಹಿಂದೆ ಅವನ ಬಾಯಿಂದಲೇ ಸಂಬಂಧ ಮುರಿದುಕೊಂಡವರು.

"ಗುರುವಾರ ಟಿಕೋಟಾಕ್ಕ ಬರಬೇಕ್ರಿ ಅಯ್ಯಾರ," ಎಂದ ಹಿಟ್ಟಿನ ಗಿರಣಿಯವನು. "ಶಾಲು ಇದ ಇರ್ಲಿ. ಸುಣ್ಣಾ ನಾವ ತರ್ತೀವಿ. ಬಾಯಿ ಒಂದ ತಗೀಬ್ಯಾಡ್ರಿ, ನಿಮ್ಮ ಕಾಲ ಬೀಳ್ತೀನಿ."

ಈರಯ್ಯ ಹೆಂಡತಿಯತ್ತ ದೈನ್ಯದಿಂದ ನೋಡಿದ. ಗುರುಬಸವ್ವ ಗೋಡೆಯ ಕ್ಯಾಲೆಂಡರಿನಲ್ಲಿ ಒಬ್ಬೊಬ್ಬರ ತಾರೀಖಿಗೆ ಗುರುತು ಹಾಕುತ್ತಿದ್ದಳು. ಅವಳ ಪೆನ್ಸಿಲು ಹದಿನೈದು ದಿನ ದಾಟಿ ಮುಂದಿನ ಹಾಳೆ ತಿರುಗಿಸಿತ್ತು.

ಹದಿನಾರನೆಯ ದಿನ ಈರಯ್ಯ ಯಾರಿಗೂ ತಿಳಿಸದೆ ಡಾಕ್ಟರ್ ಪೂರ್ವಾ ಅವರಲ್ಲಿಗೆ ಹೋಗಿದ್ದು ನಿಜ. ಅವನು ಹೊರಗೆ ಬಂದಾಗ ದವಾಖಾನೆಯ ಮುಂದೆ ನಾಸೀರನ ಗಾಡಿ ನಿಂತಿತ್ತು, ಅದರೊಳಗೆ ಯಾರದೋ ಮನೆಯ ಹಿರಿಯರು ಅವನಿಗೊಂದು ಜಾಗ ಬಿಟ್ಟು ಕುಳಿತಿದ್ದರು. ಈರಯ್ಯ ಏನೋ ಹೇಳಲು ಬಾಯಿ ತೆರೆದನಂತೆ. ಅಷ್ಟರಲ್ಲಿ ಅವರು ಶಾಲು ಹೊದಿಸಿ ಗಾಡಿ ಹತ್ತಿಸಿದರಂತೆ.

ಇಲ್ಲಿಂದ ಮುಂದೆ ನನಗೆ ಗೊತ್ತಿಲ್ಲ. ಡಾಕ್ಟರ್ ಏನೆಂದರೋ, ಗಂಟು ಕರಗಿತೋ ಹಾಗೇ ಇದೆಯೋ, ಅವನ ಧ್ವನಿ ಈಗ ಹೇಗಿದೆಯೋ, ಜೋರಾಪುರ ಪೇಟೆಯಲ್ಲಿ ಒಬ್ಬರಿಗೂ ತಿಳಿಯದು. ತಿಳಿಯಬೇಕಾದರೆ ಅವನನ್ನು ಒಮ್ಮೆ ಮಾತಾಡಲು ಬಿಡಬೇಕು. ಅದಕ್ಕೆ ಇನ್ನೂ ಯಾರೂ ಒಪ್ಪಿಲ್ಲ.