ಅಮ್ಮನ ಪುಡಿಗೆ ನನ್ನ ಪೀಬೆರಿ

ದಿನಕ್ಕೆ ನೂರಾರು ಮೂಟೆ ಕಾಫಿ ಬೀಜವನ್ನು ಜರಡಿ ಹಿಡಿಸಿ, ಗ್ರೇಡು ಮಾಡಿಸಿ ಕಳಿಸುವ ನನಗೆ ಅಮ್ಮನ ಒಂದೇ ಒಂದು ಮೂತ್ರಕೋಶ ಯಾವ ಲೆಕ್ಕ! ಚಿಕ್ಕಮಗಳೂರಿನ ಕ್ಯೂರಿಂಗ್ ವರ್ಕ್ಸೊಂದರ ಈ ಬಡ ಗುಮಾಸ್ತ ಆಲ್ದೂರಿನ ನಮ್ಮ ಅಡುಗೆಮನೆಯಲ್ಲಿ ನಿಂತು ಹಾಗೆಂದು ಘೋಷಿಸಿದ.

ವಿಷಯ ಇಷ್ಟು. ಮುಟ್ಟು ನಿಂತ ಮೇಲೆ ಅಮ್ಮನಿಗೆ ಮೂತ್ರ ತಡೆಯುವುದು ಕಷ್ಟವಾಗಿತ್ತು. ಬಂತು ಅಂದರೆ ಬಂತು! ಹೊರನಾಡಿನಲ್ಲಿ ಅವಳ ತಂಗಿಯ ಮಗಳು ದಿವ್ಯಾಳ ಮದುವೆಗೆ ಇನ್ನೊಂದೇ ತಿಂಗಳು.

“ಅಷ್ಟು ಹೊತ್ತು ಬಸ್ಸಲ್ಲಿ ಕೂರಕ್ಕೆ ನನ್ನ ಕೈಲಾಗಲ್ಲ. ನೀವೇ ಹೋಗ್ಬನ್ನಿ,” ಎಂದಳು ಅಮ್ಮ, ದಿವ್ಯಾಳಿಗೆಂದು ತಂದ ಸೀರೆಯನ್ನು ಸವರುತ್ತ.

“ಡಾಕ್ಟ್ರ ಹತ್ರ ಕರ್ಕೊಂಡು ಹೋಗ್ರೀ,” ಎಂದಳು ಹೆಂಡತಿ ರೂಪಶ್ರೀ.

“ಡಾಕ್ಟ್ರು ಯಾಕೆ? ನಾನಿಲ್ವಾ?”

ಬಸ್‌ಸ್ಟ್ಯಾಂಡಿನ ಅಂಗಡಿಯಿಂದ ಒಂದು ಡಬ್ಬ ಪುಡಿ ತಂದೆ. ನೆಗ್ಗಿಲು, ಸಿಹಿಗುಂಬಳದ ಬೀಜ, ಇನ್ನೂ ಏನೇನೋ ಬೇರು. ದಿನಕ್ಕೆ ನಾಲ್ಕು ಸಲ, ಒಂದೊಂದು ಚಮಚ, ಬಿಸಿನೀರಿನಲ್ಲಿ. ಡಬ್ಬದ ಮೇಲೆ ನಗುತ್ತಿದ್ದ ಹೆಂಗಸಂತೂ ಹೊರನಾಡೇನು, ಕಾಶಿಗೇ ಎಲ್ಲೂ ಇಳಿಯದೆ ಹೋಗಿಬರುವ ಹಾಗಿದ್ದಳು!

ಅಮ್ಮ ಒಂದು ಗುಟುಕಿಗೇ ಮುಖ ಕಿವುಚಿದಳು. “ಥೂ, ವಿಷ ಮಾರಾಯ! ಕಾಫೀಲಿ ಕದಡಿ ಕುಡೀಲಾ?”

“ಧಾರಾಳವಾಗಿ! ಕಾಫಿ ಏನು ಗಿಡದಲ್ಲಿ ಬಿಡಲ್ವಾ? ಅದೂ ಗಿಡಮೂಲಿಕೆನೇ!”

ಪೀಬೆರಿ, ಅಂದರೆ ಹಣ್ಣಿಗೊಂದೇ ಇರುವ ದುಂಡು ಕಾಫಿ ಬೀಜ, ತಂದೆ. ಚಿಕೋರಿಯ ಸುಳಿವಿಲ್ಲದ ಗಟ್ಟಿ ಡಿಕಾಕ್ಷನ್! ಮೊದಲೇ ಮೂರು ಲೋಟದ ಅಮ್ಮನಿಗೆ ಈಗ ಏಳು. ವಾರದೊಳಗೆ ಹಿತ್ತಿಲ ಕಕ್ಕಸಿನ ದಾರಿಯಲ್ಲಿ ಹುಲ್ಲು ಹುಟ್ಟುವುದೇ ನಿಂತುಹೋಯಿತು.

“ಜಾಸ್ತಿ ಆಗಿದೆ ಕಣೋ!”

“ಔಷಧಿ ಕೆಲಸ ಶುರು ಮಾಡಿದೆ ಅಂತ ಅರ್ಥ!” ಎಂದವನೇ ಡೋಸು ಎರಡರಷ್ಟು ಮಾಡಿದೆ. ಪುಡಿಗೆ ಎಂಟು, ಮಾಮೂಲಿ ಮೂರು, ಒಟ್ಟು ಹನ್ನೊಂದು ಲೋಟ!

ಅಮ್ಮ ಸೀರೆಯನ್ನು ಮಡಿಸಿ ನನ್ನ ಕೈಗಿಟ್ಟಳು. “ದಿವ್ಯಾಗೆ ನೀನೇ ಕೊಟ್ಬಿಡು.”

ಸೀರೆ ಹಿಡಿದು ನಾನು ಡಬ್ಬದ ಮೇಲಿನ ಹೆಂಗಸಿನ ಮುಖ ನೋಡಿದೆ. ರೂಪಶ್ರೀ ನನ್ನನ್ನು ಕೇಳಲೂ ಇಲ್ಲ, ಅತ್ತೆಯನ್ನು ಸೀದಾ ಚಿಕ್ಕಮಗಳೂರಿನ ಲೇಡಿ ಡಾಕ್ಟರ ಬಳಿ ಹೊರಡಿಸಿದಳು. ಡಬ್ಬ ಹಿಡಿದು ಹಿಂದೆ ನಾನು.

ಪರೀಕ್ಷೆ ಮುಗಿಸಿ ಡಾಕ್ಟರು ಡಬ್ಬ ತಿರುಗಿಸಿದರು. “ಈ ಪುಡಿ ಏನು ಮಾಡುತ್ತೋ ನಂಗೊತ್ತಿಲ್ಲ. ಯಾವುದರಲ್ಲಿ ತಗೋತಿದ್ರಿ ಅಮ್ಮ?”

“ಕಾಫೀಲಿ. ದಿನಕ್ಕೆ ಹನ್ನೊಂದು ಲೋಟ. ಮಗನೇ ಹೇಳಿದ್ದು. ಕ್ಯೂರಿಂಗಲ್ಲೇ ಇರೋದು ಅವ್ನು, ಕಾಫಿ ವಿಷ್ಯ ಎಲ್ಲಾ ಗೊತ್ತು!”

ಅಮ್ಮನ ದನಿಯಲ್ಲಿ ಹೆಮ್ಮೆ ಬೇರೆ!

ಡಾಕ್ಟರು ನನ್ನನ್ನು ಹುಳುಕು ಬೀಜ ನೋಡಿದ ಹಾಗೆ ನೋಡಿದರು. “ಕಾಫಿ ಮೂತ್ರಕೋಶನ ಕೆರಳಿಸುತ್ತೆ ಕಣ್ರೀ! ಮೊದಲು ಅದನ್ನ ಬಿಡ್ಸಿ. ಪುಡೀನೂ ಸಾಕು.”

ಕಾಫಿ ನಿಂತಿತು. ಡಾಕ್ಟರು ಬರೆದ ಔಷಧಿ, ಹೇಳಿಕೊಟ್ಟ ವ್ಯಾಯಾಮ ಶುರುವಾದವು. ಮದುವೆ ಹೊತ್ತಿಗೆ ಅಮ್ಮ ಸೀರೆಯನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನ ಕಿಟಕಿ ಪಕ್ಕ ರಾಣಿಯಂತೆ ಕೂತಳು. ಬಾಳೆಹೊನ್ನೂರು ದಾಟಿತು, ಅಲುಗಲಿಲ್ಲ.

ಅಲುಗಿದ್ದು ನಾನು! ಅಮ್ಮ ಬಿಟ್ಟ ಪೀಬೆರಿಯನ್ನು ಚೆಲ್ಲುವುದುಂಟೆ ಎಂದು ಬೆಳಿಗ್ಗೆ ನಾಲ್ಕು ಲೋಟ ಏರಿಸಿದ್ದೆ. ಕಳಸದ ತಿರುವುಗಳು ಒಂದೊಂದೂ ನನ್ನ ಮೂತ್ರಕೋಶವನ್ನೇ ಒತ್ತತೊಡಗಿದವು.

“ಸಫ್ದರ್ ಸಾಹೇಬ್ರೇ, ನಿಲ್ಸೀ!”

ಡ್ರೈವರ್ ಸಫ್ದರ್ ಬ್ರೇಕ್ ಒತ್ತಿದರು. ಇಡೀ ಬಸ್ಸು ನನ್ನನ್ನೇ ನೋಡಿತು. ಪೊದೆ ಮರೆಯಿಂದ ತಲೆ ತಗ್ಗಿಸಿ ವಾಪಸಾದರೆ, ಅಮ್ಮ ಚೀಲಕ್ಕೆ ಕೈ ಹಾಕಿ ಅದೇ ಡಬ್ಬ ತೆಗೆದಳು.

“ಎಸೆಯಕ್ಕೆ ಮನಸ್ಸು ಬರ್ಲಿಲ್ಲ ಮಗಾ, ತಗೋ. ದಿನಕ್ಕೆ ಎಂಟು ಚಮಚ. ಬಿಸಿನೀರಲ್ಲಿ!”