ಬೆನ್ನು ತೋರಿಸದ ಮೈದುನ

ನನ್ನ ಮೈದುನನಿಗೆ ಬೆನ್ನೇ ಇಲ್ಲ ಎಂದರೆ ನೀವು ನಂಬುವುದಿಲ್ಲ. ಇರಬಹುದು, ಇಲ್ಲದಿದ್ದರೆ ಅಂಗಿ ಎಲ್ಲಿ ನಿಲ್ಲುತ್ತಿತ್ತು? ಆದರೆ ಕಳೆದ ಮೂರು ವರ್ಷಗಳಲ್ಲಿ ಅದನ್ನು ಕಂಡವರು ನಮ್ಮ ಮನೆಯಲ್ಲಂತೂ ಯಾರೂ ಇಲ್ಲ. ಅಡುಗೆಮನೆಗೆ ಬಂದು ಕಾಫಿ ಲೋಟ ತೆಗೆದುಕೊಂಡನೆಂದರೆ ನನ್ನ ಕಡೆಗೇ ಮುಖ ಮಾಡಿಕೊಂಡು, ಹಿಂದಹಿಂದಕ್ಕೆ ಹೆಜ್ಜೆ ಇಡುತ್ತಾ, ರಾಜನ ಆಸ್ಥಾನದಿಂದ ಹೊರಡುವ ಕವಿಯ ಹಾಗೆ ನಿರ್ಗಮಿಸುತ್ತಾನೆ! ಅತ್ತಿಗೆಯ ಮೇಲೆ ಎಷ್ಟು ಗೌರವ ಎಂದು ನಾನು ಬಹಳ ದಿನ ಬೀಗಿದ್ದೆ. ಆಮೇಲೆ ತಿಳಿಯಿತು, ಗೌರವ ನನ್ನ ಮೇಲಿನದಲ್ಲ. ಅವನ ನಡುನೆತ್ತಿಯಲ್ಲಿ ಒಂದು ರೂಪಾಯಿ ನಾಣ್ಯದಷ್ಟಗಲ ಶುರುವಾಗಿ, ಈಗ ಕಾಫಿ ಬಸಿಯಷ್ಟಗಲ ಆಗಿರುವ ಒಂದು ಗುಟ್ಟಿದೆ. ಅದನ್ನು ಕಾಯುವುದೇ ಅವನ ಜೀವನ.

ನಾನು ಹಾಸನದಲ್ಲಿ ಕಾನ್ವೆಂಟಿನಲ್ಲಿ ಓದಿದವಳು. ಶಾಲೆಯ ಪಕ್ಕದ ಚರ್ಚಿನಲ್ಲಿ ಬೀರುವಿನಂಥ ಒಂದು ಮರದ ಗೂಡಿತ್ತು. ಕ್ರೈಸ್ತ ಗೆಳತಿಯರು ಅದರ ಬಳಿ ಮಂಡಿಯೂರಿ, ಮಾಡಿದ ತಪ್ಪನ್ನೆಲ್ಲ ಪಿಸುಗುಟ್ಟಿ, ಹಗುರವಾಗಿ ಎದ್ದು ಬರುತ್ತಿದ್ದರು. ನಮ್ಮಂಥವರಿಗೆ ಆ ಭಾಗ್ಯವಿರಲಿಲ್ಲ. ಈಗ ನನಗೊಂದು ತಪ್ಪು ಹೇಳಿಕೊಳ್ಳುವುದಿದೆ, ಗೂಡಿಲ್ಲ. ಆದ್ದರಿಂದ ನಿಮ್ಮ ಮುಂದೆ ಕುಳಿತಿದ್ದೇನೆ. ನಡುವೆ ನಗು ಬಂದರೆ ನಕ್ಕುಬಿಡಿ. ನಾನೂ ಸೆರಗು ಬಾಯಿಗೊತ್ತಿಕೊಂಡು ಮೂರು ವರ್ಷ ನಕ್ಕವಳೇ.

ಮೈದುನನಿಗೆ ಮೂವತ್ತಕ್ಕೆ ಇನ್ನೂ ಒಂದು ವರ್ಷ ಬಾಕಿ. ಅರಕಲಗೂಡಿನ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು, ದಿನಾ ಹಾಸನದ ನಮ್ಮ ಮನೆಯಿಂದಲೇ ಬಸ್ಸಿನಲ್ಲಿ ಹೋಗಿಬರುತ್ತಾನೆ. ಬಸ್ಸಿನಲ್ಲಿ ಅವನಿಗೆ ಹಿಂದಿನ ಕಟ್ಟಕಡೆಯ ಸೀಟೇ ಬೇಕು. ಅದರ ಹಿಂದೆ ಇನ್ನೊಬ್ಬರು ಕೂರುವಂತಿಲ್ಲವಲ್ಲ! ಕಿಟಕಿ ಮುಚ್ಚಿರಬೇಕು. ಎಂಥ ಸೆಕೆಯಿದ್ದರೂ ಸರಿ, ಗಾಳಿ ಎನ್ನುವುದು ಅವನ ಆಜನ್ಮ ವೈರಿ. ಕೂದಲನ್ನು ಎಡಗಿವಿಯ ಮೇಲಿಂದ ಎತ್ತಿ, ನೆತ್ತಿಯ ಮೇಲೆ ಹಾಯಿಸಿ, ಬಲಕ್ಕೆ ತಂದು ಕೂರಿಸಲು ಬೆಳಗಿನ ಇಪ್ಪತ್ತು ನಿಮಿಷ ಹಿಡಿಯುತ್ತದೆ. ಒಂದು ಗಾಳಿಗೆ ಅದೆಲ್ಲ ಎದ್ದು ನಿಂತರೆ?

ತರಗತಿಯಲ್ಲಿ ಏನು ಮಾಡುತ್ತಾನೆ ಎಂದು ಕೇಳಿದಿರಾ? ಬೋರ್ಡಿನ ಮೇಲೆ ಬರೆಯಲು ಬೆನ್ನು ತಿರುಗಿಸಲೇಬೇಕಲ್ಲ? ಇಲ್ಲ ಸ್ವಾಮಿ! ಮಕ್ಕಳ ಕಡೆಗೆ ಮುಖ ಮಾಡಿಕೊಂಡೇ, ಬಲಗೈಯನ್ನು ಪಕ್ಕಕ್ಕೆ ಚಾಚಿ, ಓರೆಗಣ್ಣಿನಲ್ಲಿ ನೋಡುತ್ತಾ ಇಡೀ ಪ್ರಮೇಯವನ್ನು ಬರೆದು ಮುಗಿಸುವುದನ್ನು ಅಭ್ಯಾಸ ಮಾಡಿಕೊಂಡಿದ್ದಾನೆ. ಅಕ್ಷರಗಳು ಮಾತ್ರ ಬೆಟ್ಟ ಹತ್ತಿದಂತೆ ಮೇಲಕ್ಕೆ ಹೋಗುತ್ತವಂತೆ. ಒಮ್ಮೆ ತಪಾಸಣೆಗೆ ಬಂದ ಅಧಿಕಾರಿ ಹಿಂದಿನ ಬೆಂಚಿನಲ್ಲಿ ಕುಳಿತು ಇದನ್ನು ನೋಡಿ ಬೆರಗಾಗಿ, ಎಲ್ಲ ಮೇಷ್ಟ್ರುಗಳ ಮುಂದೆ ಹೇಳಿದರಂತೆ, "ಮಕ್ಕಳ ಮೇಲಿಂದ ಒಂದು ಕ್ಷಣನೂ ಕಣ್ಣು ತೆಗೆಯಲ್ಲ ನೋಡಿ ಇವರು! ಇದು ಕಣ್ರೀ ನಿಷ್ಠೆ!"

ಇನ್ನು ಮದ್ದುಗಳ ಕಥೆ. ದಾಸವಾಳದ ಎಲೆ ಅರೆದದ್ದಾಯಿತು. ಮೆಂತ್ಯ ನೆನೆಸಿದ್ದಾಯಿತು. ಈರುಳ್ಳಿ ರಸ ಹಚ್ಚಿಕೊಂಡ ವಾರ ನಮ್ಮ ಮನೆಗೆ ಬಂದವರೆಲ್ಲ "ಇವತ್ತು ಹುಳಿಯಾ?" ಎಂದು ಕೇಳುತ್ತಿದ್ದರು. ಒಂದು ಭಾನುವಾರ ನಮ್ಮತ್ತೆ ಪೂಜೆಗೆ ಕುಳಿತಿದ್ದಾಗ ಮೈದುನ ಟಿಫಿನ್ ಬಾಕ್ಸೊಂದನ್ನು ಎದೆಗೊತ್ತಿಕೊಂಡು ಅಡುಗೆಮನೆಯ ಬಾಗಿಲಿಗೆ ಬಂದ.

"ಅತ್ತಿಗೆ, ನೀವು ಕಾನ್ವೆಂಟಲ್ಲಿ ಓದಿದವ್ರಲ್ವಾ?"

"ಹೌದು, ಯಾಕೋ?"

"ಮೊಟ್ಟೆ ಒಡೆಯೋದು ಹೇಳ್ಕೊಟ್ಟಿರ್ತಾರಲ್ಲ?"

"ನಮಗೆ ಹೇಳ್ಕೊಟ್ಟಿದ್ದು ಎಂಬ್ರಾಯಿಡರಿ ಕಣೋ!"

ನಮ್ಮತ್ತೆ ಹೊಳೆನರಸೀಪುರದ ದೇವಸ್ಥಾನದ ಬೀದಿಯವರು. ಆ ಮನೆತನದಲ್ಲಿ ಮೊಟ್ಟೆ ಎಂಬ ಶಬ್ದವನ್ನು ಸೊನ್ನೆಗೂ ಬಳಸುವುದಿಲ್ಲ. ಹೇಗೋ ಬಚ್ಚಲಿನಲ್ಲಿ ಅದನ್ನು ಒಡೆದು ತಲೆಗೆ ಬಳಿದುಕೊಂಡವನು, ತೊಳೆಯಲು ಸುಡುಸುಡುವ ನೀರು ಹೊಯ್ದುಕೊಂಡ. ಮೊಟ್ಟೆಯ ಸ್ವಭಾವ ನಿಮಗೇ ಗೊತ್ತು, ತಲೆಯ ಮೇಲಿದ್ದರೂ ಅದು ಬೇಯುತ್ತದೆ! ದೇವರ ಮನೆಯಿಂದ ಗಂಟೆಯ ಸದ್ದು ನಿಂತಿತು.

"ಏನೇ ಅದು ವಾಸನೆ?"

"ಹೊಸಾ ಶ್ಯಾಂಪೂ ಅತ್ತೆ."

"ಬೆಂದಿರೋ ಹಾಗಿದೆಯಲ್ಲೇ!"

ನನ್ನ ಮೊದಲನೆಯ ಸುಳ್ಳು ಅದು. ಬೆಂದದ್ದನ್ನು ನಾನೇ ಬಾಚಣಿಗೆಯಿಂದ ಚೂರುಚೂರಾಗಿ ಬಿಡಿಸಿದೆ. ಆಗಲೂ ನೆತ್ತಿಯ ಭಾಗವನ್ನು ಅವನು ಟವೆಲ್ಲಿನಿಂದ ಮುಚ್ಚಿಕೊಂಡೇ ಇದ್ದ. ನಮ್ಮತ್ತೆಗೆ ಈ ಸಂಕಟವೇ ಅರ್ಥವಾಗುತ್ತಿರಲಿಲ್ಲ. "ಉದುರಿದ್ರೆ ಉದುರ್ಲಿ ಬಿಡೋ. ನಿನ್ನ ನೆತ್ತಿ ಮೇಲೆ ಒಂದು ಮಚ್ಚೆ ಇದೆ, ಬಲು ಅದೃಷ್ಟದ್ದು. ಚೌಲದ ದಿನ ತಲೆ ಬೋಳಿಸಿದಾಗ ನೋಡಿದ್ದು, ಮತ್ತೆ ಕಾಣಲೇ ಇಲ್ಲ" ಎನ್ನುತ್ತಿದ್ದರು. ನಾವು ನಗುತ್ತಿದ್ದೆವು. ಅವರ ಮಕ್ಕಳಿಗೆಲ್ಲ ಇಂಥದೊಂದು ಅದೃಷ್ಟ ಕಣ್ಣಿಗೆ ಕಾಣದ ಕಡೆಯೇ ಇರುತ್ತಿತ್ತು. ನಮ್ಮ ಯಜಮಾನರಿಗಂತೂ ಅಂಗಾಲಿನಲ್ಲಿ ಶಂಖವಿದೆಯಂತೆ!

ಬಾಗೂರಿನ ಹತ್ತಿರ ಒಬ್ಬ ನಾಟಿ ವೈದ್ಯ ಇದ್ದಾನೆಂದು ಯಾರೋ ಹೇಳಿದರು. ಹೋದೆವು. ಹೊಂಗೆ ಮರದ ಕೆಳಗೆ, ತಲೆಗೆ ಟವೆಲ್ ಸುತ್ತಿಕೊಂಡು ಕುಳಿತಿದ್ದ ಮನುಷ್ಯ ಹಸಿರು ಎಣ್ಣೆಯ ಸೀಸೆ ಕೈಗಿಟ್ಟ.

"ಮೂರು ತಿಂಗ್ಳು ಅಚ್ಚಿ ಸಾ. ಬಂಡೆ ಮ್ಯಾಲೆ ಅಚ್ಚುದ್ರೂ ಉಲ್ಲು ಬತ್ತದೆ."

ಹೇಳುತ್ತಾ ಬೆವರೊರೆಸಿಕೊಳ್ಳಲು ಟವೆಲ್ ಬಿಚ್ಚಿದ. ಒಳಗಿದ್ದದ್ದು ಹುಣಸೆಹಣ್ಣು ಹಾಕಿ ತಿಕ್ಕಿದ ತಾಮ್ರದ ಚೊಂಬು! ನಮ್ಮ ಯಜಮಾನರಿಗೆ ತಡೆಯಲಾಗಲಿಲ್ಲ. "ಏನಪ್ಪಾ, ನಿನ್ನ ತಲೇನೇ ಹೀಗಿದೆ?"

"ನಂದಾ? ನಾನು ಔಸ್ದಿ ಕೊಡೋನು ಸಾ, ತಗಳೋನಲ್ಲ!" ಆತನಿಗೆ ಒಂದಿಷ್ಟೂ ಮುಜುಗರವಿಲ್ಲ. "ಅಂಗೂ ಬರ್ನಿಲ್ಲ ಅಂದ್ರೆ ಬಿರ್ರನೆ ಮದ್ವೆ ಮಾಡ್ಕಂಬುಡಿ. ಆಮ್ಯಾಕೆ ಯಾರೂ ತಲೆ ನೋಡಕಿಲ್ಲ."

ಎಣ್ಣೆಯಿಂದ ದಿಂಬು ಹಸಿರಾಯಿತು, ತಲೆ ಆಗಲಿಲ್ಲ. ಆದರೆ ಮದುವೆಯ ಮಾತು ನಮ್ಮತ್ತೆಯ ಕಿವಿಗೆ ಬಿತ್ತು. ಅಲ್ಲಿಂದ ನನ್ನ ತಪ್ಪಿನ ಅಧ್ಯಾಯ.

ಚನ್ನರಾಯಪಟ್ಟಣದ ಒಂದು ಒಳ್ಳೆಯ ಮನೆ. ಹುಡುಗಿ ಬ್ಯಾಂಕಿನಲ್ಲಿ ಕೆಲಸದಲ್ಲಿದ್ದಳು. ಜಾತಕ ಕೂಡಿತು, ಹುಡುಗನ ಫೋಟೋ ಕೇಳಿದರು. ಕಳಿಸುವ ಕೆಲಸ ನನ್ನದು. ಮೈದುನನನ್ನು ತುಳಸಿಕಟ್ಟೆಯ ಮುಂದೆ ನಿಲ್ಲಿಸಿ ನಾಲ್ಕು ಫೋಟೋ ತೆಗೆದೆ. ನಾಲ್ಕರಲ್ಲೂ ಹಣೆ ಎಲ್ಲಿ ಮುಗಿಯುತ್ತದೆ, ತಲೆ ಎಲ್ಲಿ ಶುರುವಾಗುತ್ತದೆ ಎಂದು ಸರ್ವೆಯವರನ್ನೇ ಕರೆಸಬೇಕಿತ್ತು. ಆಗ ಫೋನಿನ ತಳದಲ್ಲಿ ಹಳೆಯದೊಂದು ಸಿಕ್ಕಿತು. ಐದು ವರ್ಷದ ಹಿಂದೆ ಶೆಟ್ಟಿಹಳ್ಳಿಗೆ ಹೋಗಿದ್ದಾಗ ತೆಗೆದದ್ದು. ಹಿಂದೆ ಪಾಳು ಚರ್ಚಿನ ಕಮಾನು, ಹಿನ್ನೀರಿನ ಗಾಳಿ, ಹಣೆಯ ಮೇಲೆ ಹಾರುತ್ತಿರುವ ಒತ್ತಾದ ಕೂದಲು, ಅದನ್ನು ಒಂದು ಕೈಯಿಂದ ಸರಿಸುತ್ತಾ ನಗುತ್ತಿರುವ ಹುಡುಗ. ಗಾಳಿಗೆ ಮುಖ ಒಡ್ಡಿ ನಿಂತಿದ್ದಾನೆ! ಅಂಚಿನಲ್ಲಿ ನನ್ನ ಸೆರಗಿನ ತುದಿ ಬಂದಿತ್ತು. ಅದನ್ನು ಕತ್ತರಿಸಿ, ಫೋಟೋ ಕಳಿಸಿಬಿಟ್ಟೆ.

ಸಂಜೆ ಮೈದುನ ಕೇಳಿದ, "ಯಾವ ಫೋಟೋ ಕಳಿಸಿದ್ರಿ ಅತ್ತಿಗೆ?"

"ಚೆನ್ನಾಗಿರೋದೇ ಕಳಿಸಿದೀನಿ."

"ಮೊನ್ನೆ ತೆಗೆದ್ರಲ್ಲ, ಅದಾ?"

"ಕುಕ್ಕರ್ ಕೂಗ್ತು, ಇರು" ಎಂದು ಒಳಗೆ ಹೋದೆ. ಒಲೆಯ ಮೇಲೆ ಕುಕ್ಕರೇ ಇರಲಿಲ್ಲ.

ಚನ್ನರಾಯಪಟ್ಟಣದ ಆ ಮನೆಯ ಹಜಾರ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಕಿಟಕಿಗೆ ಹೊಸದಾಗಿ ಒಗೆದ ಪರದೆ, ಇಸ್ತ್ರಿಯ ಗೆರೆ ಇನ್ನೂ ಮಾಸಿರಲಿಲ್ಲ. ಕೇಸರಿಬಾತಿನ ತಟ್ಟೆಗಳಲ್ಲಿ ಹುಡುಗನಿಗೆಂದು ಇಟ್ಟದ್ದರಲ್ಲಿ ಮಾತ್ರ ನಾಲ್ಕು ಗೋಡಂಬಿ ಹೆಚ್ಚಿದ್ದವು. ಹುಡುಗಿಯ ಅಜ್ಜಿ ಆ ತಟ್ಟೆಯನ್ನು ನೇರವಾಗಿ ತಂದು ಕೊಟ್ಟದ್ದು ನಮ್ಮ ಯಜಮಾನರಿಗೆ! ಅವರಿಗೆ ನಲವತ್ತೆರಡು, ತಲೆ ಮಾತ್ರ ಕಾಡು.

"ತಗೊಳಪ್ಪ, ಫೋಟೋದಲ್ಲಿ ಇನ್ನೂ ಸಣ್ಣಗೆ ಕಾಣ್ತಿದ್ದೆ" ಎಂದರು ಅಜ್ಜಿ. ಆಮೇಲೆ ಮೈದುನನ ಕಡೆ ತಿರುಗಿ, "ತಾವು ಸೋದರಮಾವನೋರಾ?" ಎಂದರು.

ಯಾರೂ ನಗಲಿಲ್ಲ. ಹುಡುಗಿಯ ತಾಯಿ ಫೋನು ತೆಗೆದರು. ಅದು ಅವರಿಂದ ತಂದೆಗೆ, ತಂದೆಯಿಂದ ಹುಡುಗಿಗೆ ಕೈದಾಟಿತು. ನಡುವೆ ಫೋನಿನ ಪರದೆ ಕಪ್ಪಾಯಿತು. ಹುಡುಗಿ ಬೆರಳಿನಿಂದ ಮುಟ್ಟಿ ಅದನ್ನು ಮತ್ತೆ ಬೆಳಗಿಸಿ, ಒಮ್ಮೆ ಫೋಟೋ ನೋಡಿ, ಒಮ್ಮೆ ಮೈದುನನನ್ನು ನೋಡಿದಳು.

"ನಾನೇ ಹುಡುಗ ಅಜ್ಜಿ" ಎಂದ ಮೈದುನ. "ಅದು ಹಳೇ ಫೋಟೋ."

"ಹಳೇದು ಯಾಕೆ ಕಳಿಸಿದ್ರಿ? ಯಾರು ಕಳಿಸಿದ್ದು?" ಹುಡುಗಿಯ ತಂದೆಯ ದನಿ ಜೋರಾಗಿರಲಿಲ್ಲ. ಜೋರಾಗಿದ್ದರೆ ಚೆನ್ನಾಗಿತ್ತು.

ಸುಳ್ಳು ಹೇಳಿದ ನಾಲಿಗೆ ತೊಳೆದರೂ ಹೋಗುವುದಿಲ್ಲ ಎನ್ನುತ್ತಿದ್ದರು ನಮ್ಮ ಕಾನ್ವೆಂಟಿನ ಸಿಸ್ಟರ್. ಹೇಳಬೇಕಾಗಿದ್ದದ್ದು ಎರಡೇ ಶಬ್ದ, "ನಾನು ಕಳಿಸಿದ್ದು." ನಾನು ಸೆರಗಿನ ಜರಿಯ ಎಳೆಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಕುಳಿತೆ.

"ನಾನೇ ಸರ್" ಎಂದ ಮೈದುನ. "ಕ್ಷಮಿಸಿ."

ತಿಳಿಸುತ್ತೇವೆ ಎಂದರು. ತಿಳಿಸಲಿಲ್ಲ. ತಿಳಿಸಬೇಕಾದ ಅಗತ್ಯವೂ ಇರಲಿಲ್ಲ ಬಿಡಿ. ಹಾಸನಕ್ಕೆ ಹಿಂತಿರುಗುವಾಗ ಕಾರಿನಲ್ಲಿ ಮೈದುನ ಮುಂದಿನ ಸೀಟಿನಲ್ಲಿ ಕುಳಿತು ಕಿಟಕಿಯ ಗಾಜನ್ನು ಪೂರ್ತಿ ಇಳಿಸಿದ್ದ. ಇಪ್ಪತ್ತು ನಿಮಿಷ ಹಿಡಿದು ಕೂರಿಸಿದ ಕೂದಲು ಎದ್ದು, ಬಾವುಟದ ಹಾಗೆ ದಾರಿಯುದ್ದಕ್ಕೂ ಹಾರುತ್ತಿತ್ತು. ಹಿಂದಿನ ಸೀಟಿನಲ್ಲಿದ್ದ ನಾನು ಕಣ್ಣು ಮುಚ್ಚಿಕೊಂಡೆ. ನೋಡುವ ಹಕ್ಕು ನನಗಿದೆ ಅನ್ನಿಸಲಿಲ್ಲ.

ಮಾರನೆಯ ವಾರ ಊಟದ ಹೊತ್ತಿನಲ್ಲಿ ಅವನೇ ಘೋಷಿಸಿದ. ಕೂದಲು ನಾಟಿ ಆಪರೇಷನ್ ಮಾಡಿಸಿಕೊಳ್ಳುತ್ತಾನಂತೆ. ತಲೆಯ ಹಿಂಭಾಗದಿಂದ ಒಂದೊಂದೇ ಬೇರನ್ನು ತೆಗೆದು ಮುಂದೆ ನೆಡುತ್ತಾರಂತೆ.

"ಭತ್ತದ ಪೈರು ಕಿತ್ತು ಗದ್ದೇಲಿ ನೆಟ್ಟ ಹಾಗಾ?" ಎಂದರು ನಮ್ಮತ್ತೆ.

"ಹೂಂ ಅಮ್ಮ."

"ಮಳೆ ಬರದಿದ್ರೆ?"

ನಮ್ಮ ಯಜಮಾನರು ತಮಗೆ ತಿಳಿದಂತೆ ಸಮಾಧಾನ ಹೇಳಿದರು. "ಶೆಟ್ಟಿಹಳ್ಳಿ ಚರ್ಚು ನೋಡೋ. ಚಾವಣಿ ಹೋಗಿ ಎಷ್ಟು ಕಾಲವಾಯ್ತು, ಜನ ಇವತ್ತೂ ಅದರ ಮುಂದೆ ನಿಂತು ಫೋಟೋ ತೆಗೆಸ್ಕೊಳ್ತಾರೆ!" ಶೆಟ್ಟಿಹಳ್ಳಿ, ಫೋಟೋ ಎರಡೂ ಒಂದೇ ಮಾತಿನಲ್ಲಿ ಬಂದದ್ದೇ ತಡ, ನಾನು ಸಾರು ತರುವ ನೆಪದಲ್ಲಿ ಅಡುಗೆಮನೆಗೆ ಎದ್ದುಹೋದೆ.

ಡಾಕ್ಟರ ಬಳಿಗೆ ಅವನು ಕರೆದದ್ದು ಅಣ್ಣನನ್ನಲ್ಲ, ನನ್ನನ್ನು. ಹಾಸನದ ಆ ಕ್ಲಿನಿಕ್ಕಿನಲ್ಲಿ ಸರದಿ ಕಾಯುತ್ತಿದ್ದವರೆಲ್ಲ ಇಪ್ಪತ್ತೈದು, ಇಪ್ಪತ್ತೇಳರ ಹುಡುಗರು. ಎಲ್ಲರೂ ಗೋಡೆಗೆ ಬೆನ್ನು ಒತ್ತಿಕೊಂಡು ಕುಳಿತಿದ್ದರು, ಅರ್ಧದಷ್ಟು ಜನರ ತಲೆಯ ಮೇಲೆ ಟೋಪಿ. ಒಬ್ಬರೂ ಇನ್ನೊಬ್ಬರ ಮುಖ ನೋಡುತ್ತಿರಲಿಲ್ಲ. ಇವರೆಲ್ಲರ ಮನೆಯಲ್ಲೂ ನನ್ನಂಥ ಒಬ್ಬಳು ಸೆರಗು ಬಾಯಿಗಿಟ್ಟುಕೊಂಡು ನಗುತ್ತಿರುತ್ತಾಳೆಯೇ?

ಡಾಕ್ಟರು ವಯಸ್ಸಾದವರು, ಅವರದ್ದೂ ಬೋಳು ತಲೆಯೇ! ನೆತ್ತಿ ನೋಡಲು ಅವನನ್ನು ಪರದೆಯ ಆಚೆ ಕರೆದೊಯ್ದು ಬಂದು ತಾಳ್ಮೆಯಿಂದ ಹೇಳಿದರು. "ಆಪರೇಷನ್ ಆಗದ್ದೇನಲ್ಲ. ಆದರೆ ನಿಮ್ಮದು ಇನ್ನೂ ಉದುರ್ತಾ ಇದೆ. ಈಗಲೇ ನೆಟ್ರೆ ನೆಟ್ಟದ್ದು ನಿಲ್ಲುತ್ತೆ, ಸುತ್ತಲಿಂದು ಹೋಗುತ್ತೆ, ಮಧ್ಯೆ ದ್ವೀಪದ ಹಾಗೆ ಉಳ್ಕೊಳುತ್ತೆ. ಹಿಂದಿನಿಂದ ತೆಗೆಯೋದಕ್ಕೂ ಒಂದು ಮಿತಿ ಇದೆ. ಮೊದಲು ಹಚ್ಚೋ ಔಷಧಿ ಶುರು ಮಾಡಿ, ಮಾತ್ರೆ ಬೇಕಾ ಅಂತ ರಕ್ತ ಪರೀಕ್ಷೆ ಮಾಡಿ ನೋಡೋಣ. ಅದಕ್ಕೂ ಅದರದ್ದೇ ತೊಂದರೆಗಳಿವೆ, ಹೇಳ್ತೀನಿ. ಒಂದು ವರ್ಷ ತಡೀರಿ."

"ಬೇರೆಯವರ ಕೂದಲು ನೆಡಬಹುದಾ ಸರ್?" ಎಂದು ಮೈದುನ ಗಂಭೀರವಾಗಿ ಕೇಳಿ ನನ್ನ ಜಡೆಯ ಕಡೆ ನೋಡಿದ.

"ಮೈ ಒಪ್ಪಲ್ಲಪ್ಪ" ಎಂದರು ಡಾಕ್ಟರು. ನನ್ನ ಕೈ ಜಡೆಯನ್ನು ಹಿಡಿದುಕೊಂಡಿತ್ತು, ಬಿಟ್ಟೆ. "ಅಲ್ಲ, ನಿಮಗೆ ಇಷ್ಟು ಅವಸರ ಯಾಕೆ? ಎಷ್ಟು ಕೂದಲು ಬೇಕು ನಿಮಗೆ?"

ಮೈದುನ ಫೋನು ತೆಗೆದು ಮೇಜಿನ ಮೇಲಿಟ್ಟ. ಶೆಟ್ಟಿಹಳ್ಳಿಯ ಕಮಾನು. ಗಾಳಿ. ಸೆರಗಿನ ತುದಿ ಕತ್ತರಿಸಿದ, ನಾನು ಕಳಿಸಿದ್ದ ಅದೇ ಫೋಟೋ. ನನ್ನ ಫೋನಿನಿಂದ ಯಾವಾಗ ತೆಗೆದುಕೊಂಡಿದ್ದನೋ.

"ಇಷ್ಟಾದ್ರೆ ಸಾಕು ಸರ್. ನಮ್ಮತ್ತಿಗೆ ಈ ಫೋಟೋ ಕಳಿಸ್ಬಿಟ್ಟಿದ್ದಾರೆ. ಇನ್ನೊಂದು ಕಡೆಗೂ ಇದನ್ನೇ ಕಳಿಸ್ತಾರೇನೋ. ಅವರು ಸುಳ್ಳು ಹೇಳಿದ ಹಾಗೆ ಆಗ್ಬಾರ್ದು."

ವ್ಯಂಗ್ಯವಿರಲಿಲ್ಲ ಆ ಮಾತಿನಲ್ಲಿ. ಇದ್ದಿದ್ದರೆ ತಡೆದುಕೊಳ್ಳುತ್ತಿದ್ದೆ.

ಕ್ಲಿನಿಕ್ಕಿನ ಮೆಟ್ಟಿಲ ತಿರುವಿನಲ್ಲಿ ಅವನನ್ನು ನಿಲ್ಲಿಸಿದೆ. "ಒಂದು ಫೋಟೋ ತೆಗೀತೀನಿ. ಇವತ್ತಿಂದು. ಚನ್ನರಾಯಪಟ್ಟಣದವರಿಗೆ ಕಳಿಸಿ, ಹಳೇದು ಕಳಿಸಿದ್ದು ನಾನೇ ಅಂತ ಬರೀತೀನಿ."

"ಅದು ಮುಗಿದ ಮಾತಲ್ವಾ ಅತ್ತಿಗೆ. ಈಗ ಯಾಕೆ?"

"ಅವರಿಗೆ ಮುಗಿದಿರಬಹುದು. ನನಗೆ ಮುಗಿದಿಲ್ಲ."

ಅಭ್ಯಾಸದಂತೆ ಅವನ ಕೈ ಜೇಬಿನ ಬಾಚಣಿಗೆಗೆ ಹೋಯಿತು. ಹೊರಗೆ ತೆಗೆದ. ಒಂದು ಗಳಿಗೆ ಅದನ್ನೇ ನೋಡಿ, ಮತ್ತೆ ಜೇಬಿಗೆ ಹಾಕಿಕೊಂಡ. ಮುಂದಿನಿಂದ ಒಂದು ತೆಗೆದೆ.

"ಇಷ್ಟೇ ಕಳಿಸಿದ್ರೆ ಇದೂ ಅರ್ಧ ಸುಳ್ಳೇ" ಎಂದ. ಮತ್ತೆ, ಮೂರು ವರ್ಷಗಳಲ್ಲಿ ಮೊದಲ ಸಲ, ನನಗೆ ಬೆನ್ನು ಮಾಡಿ ತಿರುಗಿ ಎರಡು ಮೆಟ್ಟಿಲು ಕೆಳಗಿಳಿದು ನಿಂತು, ತಲೆ ತಗ್ಗಿಸಿದ.

ಬಸಿಯಷ್ಟಗಲ ಎಳೆಯ ಚರ್ಮ, ಬಿಸಿಲನ್ನೇ ಕಾಣದಂಥದ್ದು. ಅದರ ಸರಿಯಾಗಿ ನಡುವೆ, ಮೆಣಸಿನ ಕಾಳಿನಷ್ಟು, ಒಂದು ಮಚ್ಚೆ.

"ಅಮ್ಮ ಹೇಳೋದು ಇದೆಯಾ ಅತ್ತಿಗೆ ಅಲ್ಲಿ?"

"ಇದೆ ಕಣೋ."

"ಹಾಗಾದ್ರೆ ಅದೂ ಬರೋ ಹಾಗೆ ತೆಗೀರಿ."

ಮೊದಲನೆಯದು ಅಲುಗಾಡಿಹೋಯಿತು. ಕಣ್ಣೊರೆಸಿಕೊಂಡು ಇನ್ನೊಂದು ತೆಗೆದೆ.